ಕರೆಂಟೇ ಇಲ್ಲದ ತಿಂಗಳಲ್ಲಿ ಬಿಲ್ ಜಾಸ್ತಿ ಯಾಕೆ? ಸ್ಮಾರ್ಟ್ ಮೀಟರ್ ಓದುವುದು ಹೀಗೆ

ಕೊಡಗಿನಲ್ಲಿ ಮಳೆಗಾಲ ಕಳೆದವರಿಗೆ ಈ ಪ್ರಶ್ನೆ ಹೊಸದಲ್ಲ. ಜುಲೈನಲ್ಲಿ ಗಾಳಿಗೆ ಮರ ಬಿದ್ದು ಲೈನ್ ಹರಿದಿರುತ್ತದೆ. ಹೋದ ಕರೆಂಟ್ ಕೆಲವೊಮ್ಮೆ ಎರಡು ದಿನ ಬರುವುದಿಲ್ಲ. ಆದರೂ ತಿಂಗಳ ಬಿಲ್ ನೋಡಿದರೆ ಏಪ್ರಿಲ್‌ಗಿಂತ ಯೂನಿಟ್ ಜಾಸ್ತಿ. ನಾಪೋಕ್ಲು ಹತ್ತಿರದ ನಮ್ಮ ಮನೆಯಲ್ಲೂ ಹಾಗೇ ಆಯಿತು. 'ಇರದ ಕರೆಂಟಿಗೆ ದುಡ್ಡು ಕಟ್ಟೋದಾ?' ಎಂದು ಅಮ್ಮ ಕೇಳಿದರು. ಮೀಟರ್ ಕೆಟ್ಟಿದೆ ಅಂತ ನಾನೂ ಅಂದುಕೊಂಡೆ. ಮೀಟರ್ ಸರಿಯಾಗೇ ಇತ್ತು. ಅದು ಹೇಳುತ್ತಿದ್ದುದನ್ನು ನಾವು ಓದುತ್ತಿರಲಿಲ್ಲ, ಅಷ್ಟೇ.

ರಾಜ್ಯದಲ್ಲಿ 2025ರಿಂದ ಹೊಸ ಸಂಪರ್ಕಗಳಿಗೆ ಸ್ಮಾರ್ಟ್ ಮೀಟರ್ ಬರುತ್ತಿದೆ. ಹಳೇ ಮೀಟರ್ ತಿಂಗಳಿಗೊಂದು ಅಂಕಿ ಕೊಡುತ್ತಿತ್ತು. ಸ್ಮಾರ್ಟ್ ಮೀಟರ್ 15 ಅಥವಾ 30 ನಿಮಿಷಕ್ಕೊಮ್ಮೆ ಲೆಕ್ಕ ಬರೆದಿಟ್ಟುಕೊಳ್ಳುತ್ತದೆ. ಅರ್ಧ ಗಂಟೆಯ ಲೆಕ್ಕವಾದರೆ ದಿನಕ್ಕೆ 48 ಅಂಕಿ. ತಿಂಗಳಿಗೆ 1440. ಯಾವ ಹೊತ್ತಿಗೆ ಎಷ್ಟು ಕರೆಂಟ್ ಖರ್ಚಾಯಿತು ಎನ್ನುವುದು ಅದರಲ್ಲಿರುತ್ತದೆ. ನಿಮ್ಮ ಮನೆಯಲ್ಲಿ ಇನ್ನೂ ಹಳೇ ಎಲೆಕ್ಟ್ರಾನಿಕ್ ಮೀಟರ್ ಇದ್ದರೂ ಈ ಲೇಖನ ಬಿಡಬೇಡಿ. ಒಂದು ನೋಟ್‌ಬುಕ್ ಇದ್ದರೆ ಇದರಲ್ಲಿ ಮುಕ್ಕಾಲು ಭಾಗ ಮಾಡಬಹುದು.

ಮೊದಲು ಮೀಟರ್ ಮುಂದೆ ನಿಲ್ಲಿ

ಮೀಟರ್ ಮೇಲೆ ಒಂದು ಬಟನ್ ಇರುತ್ತದೆ. ಒತ್ತುತ್ತಾ ಹೋದರೆ ಪರದೆಯಲ್ಲಿ ಒಂದೊಂದೇ ಅಂಕಿ ಬದಲಾಗುತ್ತದೆ. ದಿನಾಂಕ, ಸಮಯ, ವೋಲ್ಟೇಜ್, ಈ ಕ್ಷಣದ ಲೋಡ್, ಎಲ್ಲವೂ ಬರುತ್ತದೆ. ಇವುಗಳಲ್ಲಿ ಮುಖ್ಯವಾದದ್ದು ಕೆಡಬ್ಲ್ಯೂಎಚ್ ಅಂತ ತೋರಿಸುವ ಒಟ್ಟು ರೀಡಿಂಗ್. ಒಂದು ಕೆಡಬ್ಲ್ಯೂಎಚ್ ಅಂದರೆ ಒಂದು ಯೂನಿಟ್. ಮೀಟರ್ ಹಾಕಿದ ದಿನದಿಂದ ಈ ಅಂಕಿ ಏರುತ್ತಲೇ ಇರುತ್ತದೆ, ಇಳಿಯುವುದಿಲ್ಲ. ನಿನ್ನೆ ಬೆಳಿಗ್ಗೆ ಆರಕ್ಕೆ 1204.6, ಇವತ್ತು ಆರಕ್ಕೆ 1211.1 ಇದ್ದರೆ ದಿನದ ಖರ್ಚು ಆರೂವರೆ ಯೂನಿಟ್.

ನಮ್ಮ ಕಡೆ ಈ ಅಂಕಿ ಬೇರೆ ಊರಿಗಿಂತ ಜಾಸ್ತಿ ಬೇಕಾಗುತ್ತದೆ. ಯಾಕೆಂದರೆ ಮೊಬೈಲಿನಲ್ಲಿ ಕಾಣುವ ದಿನದ ಲೆಕ್ಕವನ್ನು ಮೀಟರ್ ದೂರದಿಂದ ಕಳಿಸಬೇಕು. ಗುಡ್ಡದ ಮರೆಯಲ್ಲಿ ಸಿಗ್ನಲ್ ಸಿಗದಿದ್ದರೆ ಲೆಕ್ಕ ತಡವಾಗಿ ಹೋಗುತ್ತದೆ. ಅಲ್ಲಿಯವರೆಗೆ ಪಟ್ಟಿಯಲ್ಲಿ ಸೊನ್ನೆಯೋ ಖಾಲಿ ಜಾಗವೋ ಕಾಣಬಹುದು. ಕರೆಂಟ್ ಇಲ್ಲದಿದ್ದ ಹೊತ್ತಿಗೂ ಸೊನ್ನೆಯೇ ಕಾಣುತ್ತದೆ. ಇವೆರಡನ್ನೂ ಬೇರೆ ಮಾಡುವುದು ಸುಲಭ. ಆ ಸೊನ್ನೆಗಳ ಮುಂಚಿನ ಒಟ್ಟು ರೀಡಿಂಗ್ ಮತ್ತು ಆಮೇಲಿನ ಒಟ್ಟು ರೀಡಿಂಗ್ ಕಳೆಯಿರಿ. ವ್ಯತ್ಯಾಸವೂ ಸೊನ್ನೆ ಬಂದರೆ ನಿಜವಾಗಿ ಕರೆಂಟ್ ಇರಲಿಲ್ಲ. ನಾಲ್ಕೋ ಐದೋ ಯೂನಿಟ್ ಬಂದರೆ ಕರೆಂಟ್ ಇತ್ತು, ಲೆಕ್ಕ ಮಾತ್ರ ಬಂದಿರಲಿಲ್ಲ. ಕರೆಂಟ್ ಹೋದ ಸಮಯ, ಬಂದ ಸಮಯ ಕ್ಯಾಲೆಂಡರ್ ಮೇಲೆ ಬರೆದಿಡಿ. ಆಮೇಲೆ ಬಹಳ ಉಪಯೋಗಕ್ಕೆ ಬರುತ್ತದೆ.

ರಾತ್ರಿ ಒಂದರಿಂದ ನಾಲ್ಕು

ಎಲ್ಲರೂ ಗೀಸರ್‌ನಿಂದ ಶುರುಮಾಡುತ್ತಾರೆ. ನನ್ನ ಮಾತು ಕೇಳಿ, ರಾತ್ರಿಯಿಂದ ಶುರುಮಾಡಿ. ಮನೆಯವರೆಲ್ಲ ಮಲಗಿರುವ ಹೊತ್ತಿನ ಅರ್ಧ ಗಂಟೆಯ ಅಂಕಿಗಳನ್ನು ನೋಡಿ. ನಮ್ಮ ಮನೆಯಲ್ಲಿ ಅದು ಸುಮಾರು 0.07 ಇತ್ತು. ನೋಡಲು ಏನೂ ಅಲ್ಲ ಅನ್ನಿಸುತ್ತದೆ, ಅಲ್ವಾ? 48ರಿಂದ ಗುಣಿಸಿ. ದಿನಕ್ಕೆ 3.36 ಯೂನಿಟ್. ತಿಂಗಳಿಗೆ 100 ಯೂನಿಟ್! ಯಾರೂ ಒಂದು ಸ್ವಿಚ್ಚನ್ನೂ ಮುಟ್ಟದೆ ನೂರು ಯೂನಿಟ್ ಹೋಗುತ್ತಿತ್ತು.

ಅರ್ಧ ಗಂಟೆಯ ಲೆಕ್ಕ ನಿಮಗೆ ಸಿಗದಿದ್ದರೆ ಮಲಗುವಾಗ ಒಮ್ಮೆ, ಎದ್ದ ಕೂಡಲೇ ಒಮ್ಮೆ ಒಟ್ಟು ರೀಡಿಂಗ್ ಬರೆಯಿರಿ. ಕಳೆದು, ಗಂಟೆಗಳಿಂದ ಭಾಗಿಸಿ. ಬಂದದ್ದು ಒಂದು ಗಂಟೆಯ ಖರ್ಚು, ಅದನ್ನು 24ರಿಂದ ಗುಣಿಸಿ. ಅಷ್ಟೇ ಸಾಕು.

ಈ ಖರ್ಚನ್ನು ಹಂಚಿ ನೋಡಬೇಕು. ಫ್ರಿಜ್ಜಿನ ಪಾಲು ತಿಳಿಯಲು ಅದರ ಸ್ಟಾರ್ ಲೇಬಲ್ ನೋಡಿ. ವರ್ಷಕ್ಕೆ ಎಷ್ಟು ಯೂನಿಟ್ ಎಂದು ಅದರಲ್ಲಿ ಬರೆದಿರುತ್ತದೆ. 220 ಇದ್ದರೆ ದಿನಕ್ಕೆ 0.6, ಅಂದರೆ ಸರಾಸರಿ 25 ವಾಟ್. ಅರ್ಧ ಗಂಟೆಗೆ 0.07 ಯೂನಿಟ್ ಅಂದರೆ 140 ವಾಟ್. ವೈಫೈ ಪೆಟ್ಟಿಗೆ, ಟಿವಿಯ ಸೆಟ್‌ಟಾಪ್ ಬಾಕ್ಸ್, ಇನ್ವರ್ಟರ್ ತಲಾ ಹತ್ತು-ಇಪ್ಪತ್ತು ವಾಟ್ ಹಿಡಿದರೂ ನಮ್ಮ ಲೆಕ್ಕ ಕೂಡಲಿಲ್ಲ. ಇನ್ನೂ 50 ವಾಟ್ ಎಲ್ಲಿಗೋ ಹೋಗುತ್ತಿತ್ತು.

ಅದನ್ನು ಹುಡುಕಲು ಮೀಟರಿನ ಕೆಂಪು ದೀಪ ಸಾಕು. ಮೀಟರ್ ಮೇಲೆ 'ಇಂಪ್' ಎಂಬ ಗುರುತಿನ ಜೊತೆ ಒಂದು ಸಂಖ್ಯೆ ಇರುತ್ತದೆ. ನಮ್ಮದರಲ್ಲಿ 3200. ಅಂದರೆ ಒಂದು ಯೂನಿಟ್ ಆಗುವಷ್ಟರಲ್ಲಿ ದೀಪ 3200 ಸಲ ಮಿಣುಕುತ್ತದೆ. 36 ಲಕ್ಷವನ್ನು ಆ ಸಂಖ್ಯೆಯಿಂದ ಭಾಗಿಸಿ. 3200ಕ್ಕೆ 1125 ಬರುತ್ತದೆ. ಅದನ್ನು ಎರಡು ಮಿಣುಕಿನ ನಡುವಿನ ಸೆಕೆಂಡುಗಳಿಂದ ಭಾಗಿಸಿದರೆ ಆ ಹೊತ್ತಿನ ವಾಟ್ ಸಿಗುತ್ತದೆ. ಒಂಬತ್ತು ಸೆಕೆಂಡಿಗೊಮ್ಮೆ ಮಿಣುಕಿದರೆ 125 ವಾಟ್. ಆಮೇಲೆ ಮನೆಯೊಳಗಿನ ಎಂಸಿಬಿಗಳನ್ನು (ಒಂದೊಂದು ಲೈನಿಗೆ ಇರುವ ಸುರಕ್ಷತಾ ಸ್ವಿಚ್) ಒಂದೊಂದಾಗಿ ಇಳಿಸಿ. ಯಾವುದನ್ನು ಇಳಿಸಿದಾಗ ಮಿಣುಕು ನಿಧಾನವಾಯಿತೋ ಆ ಲೈನಿನಲ್ಲಿ ಖರ್ಚಿದೆ. ಮುಟ್ಟುವುದು ಎಂಸಿಬಿ ಮಾತ್ರ. ಮೀಟರಿನ ಸೀಲ್, ಕೆಳಗಿನ ಮುಚ್ಚಳ, ವೈರ್ ಯಾವುದಕ್ಕೂ ಕೈ ಹಾಕಬೇಡಿ. ಮಳೆಗೆ ಗೋಡೆ ಒದ್ದೆಯಾಗಿದ್ದರೆ ಈ ಕೆಲಸವನ್ನು ಬಿಸಿಲು ಬಂದ ದಿನಕ್ಕೆ ಇಟ್ಟುಕೊಳ್ಳಿ.

ನಮ್ಮಲ್ಲಿ ಕಳ್ಳ ಸಿಕ್ಕಿದ್ದು ಬಚ್ಚಲಿನಲ್ಲಿ. ಫ್ಲಶ್ ಟ್ಯಾಂಕಿನಿಂದ ಸಣ್ಣಗೆ ನೀರು ಸೋರುತ್ತಿತ್ತು. ನೀರು ಇಳಿದ ಹಾಗೆ ಪ್ರೆಷರ್ ಪಂಪ್ ತಾನಾಗೇ ಶುರುವಾಗುತ್ತಿತ್ತು. ಹತ್ತು ನಿಮಿಷಕ್ಕೊಮ್ಮೆ, ಒಂದು ನಿಮಿಷ. ಹಗಲಿನ ಗಲಾಟೆಯಲ್ಲಿ, ಮಳೆಯ ಸದ್ದಿನಲ್ಲಿ ನಮಗೆ ಕೇಳಿರಲೇ ಇಲ್ಲ. ಒಂದು ವಾಷರ್ ಬದಲಾಯಿಸಿದ ಮೇಲೆ ರಾತ್ರಿಯ ಅಂಕಿ 0.045ಕ್ಕೆ ಬಂತು. ತಿಂಗಳಿಗೆ 36 ಯೂನಿಟ್ ಉಳಿಯಿತು.

ಬೆಳಗಿನ ಗುಡ್ಡ

ಈಗ ಗೀಸರ್‌ಗೆ ಬರೋಣ. ಬೆಳಿಗ್ಗೆ ಆರರಿಂದ ಎಂಟರವರೆಗಿನ ಅಂಕಿಗಳು ಗುಡ್ಡದ ಹಾಗೆ ಎದ್ದು ಕಾಣುತ್ತವೆ. ಎರಡು ಕಿಲೋವಾಟ್ ಗೀಸರ್ ಅರ್ಧ ಗಂಟೆ ಪೂರ್ತಿ ಉರಿದರೆ ಒಂದು ಯೂನಿಟ್. ಬಿಸಿನೀರಿಗೆ ಸುಲಭದ ಸೂತ್ರ ಒಂದಿದೆ. ಎಷ್ಟು ಲೀಟರ್ ಎನ್ನುವುದನ್ನು ಎಷ್ಟು ಡಿಗ್ರಿ ಏರಿಸಬೇಕು ಎನ್ನುವುದರಿಂದ ಗುಣಿಸಿ, 860ರಿಂದ ಭಾಗಿಸಿ. ಬಂದದ್ದು ಯೂನಿಟ್.

25 ಲೀಟರ್ ನೀರನ್ನು 60 ಡಿಗ್ರಿಗೆ ಕಾಯಿಸಬೇಕು ಅನ್ನಿ. ಬೇಸಿಗೆಯಲ್ಲಿ ಟ್ಯಾಂಕಿನ ನೀರು 23 ಡಿಗ್ರಿ ಇದ್ದರೆ 1.08 ಯೂನಿಟ್ ಬೇಕು. ಮಳೆಗಾಲದಲ್ಲಿ 17 ಡಿಗ್ರಿಗೆ ಇಳಿದರೆ 1.25 ಯೂನಿಟ್. ಒಂದು ಟ್ಯಾಂಕಿಗೆ ವ್ಯತ್ಯಾಸ ಸಣ್ಣದು. ಆದರೆ ಬೇಸಿಗೆಯಲ್ಲಿ ತಣ್ಣೀರು ಬೆರೆಸಿಕೊಂಡು ಒಂದು ಟ್ಯಾಂಕಿನಲ್ಲಿ ಇಬ್ಬರು ಸ್ನಾನ ಮುಗಿಸುತ್ತಾರೆ. ಮಡಿಕೇರಿಯ ಮಂಜಿನಲ್ಲಿ ಒಬ್ಬರಿಗೇ ಒಂದು ಟ್ಯಾಂಕ್ ಸಾಲದು. ಲೆಕ್ಕ ತಪ್ಪುವುದು ಇಲ್ಲಿ. ಹಿತ್ತಲಲ್ಲಿ ಹಂಡೆ ಒಲೆ ಇರುವ ಮನೆಯವರು ಒಂದು ವಾರ ಹಂಡೆ ನೀರು, ಒಂದು ವಾರ ಗೀಸರ್ ಮಾಡಿ ಅಂಕಿ ಹೋಲಿಸಿ ನೋಡಿ. ಬೆಳಗಿನ ಗುಡ್ಡ ಎಷ್ಟು ಎತ್ತರ ಇತ್ತು ಅಂತ ಆಗ ಗೊತ್ತಾಗುತ್ತದೆ.

ಒಂದು ವಿಷಯದಲ್ಲಿ ಮೋಸ ಹೋಗಬೇಡಿ. ಲೈನಿನ ಕೊನೆಯ ಮನೆಗಳಲ್ಲಿ ವೋಲ್ಟೇಜ್ ಕುಸಿಯುತ್ತದೆ. 230 ಇರಬೇಕಾದ್ದು 180ಕ್ಕೆ ಬಂದರೆ ಎರಡು ಕಿಲೋವಾಟ್ ಗೀಸರ್ ಸುಮಾರು 1.2 ಕಿಲೋವಾಟ್ ಮಾತ್ರ ಎಳೆಯುತ್ತದೆ. ಅರ್ಧ ಗಂಟೆಯ ಅಂಕಿ 1ರಿಂದ 0.6ಕ್ಕೆ ಇಳಿಯುತ್ತದೆ. ಖರ್ಚು ಕಡಿಮೆಯಾಯಿತು ಅಂತ ಖುಷಿಪಡುವ ಹಾಗಿಲ್ಲ. ನೀರು ಕಾಯಲು ಅಷ್ಟೇ ಶಾಖ ಬೇಕು, ಹಾಗಾಗಿ ಗೀಸರ್ ಜಾಸ್ತಿ ಹೊತ್ತು ಉರಿಯುತ್ತದೆ. ಗುಡ್ಡ ಕುಳ್ಳಗಾಗಿ ಅಗಲವಾಗುತ್ತದೆ, ಅಷ್ಟೇ.

ಕರೆಂಟ್ ಬಂದ ಮೇಲಿನ ಮೂರು ಗಂಟೆ

ಕ್ಯಾಲೆಂಡರ್ ಮೇಲೆ ಬರೆದಿಟ್ಟ ಸಮಯ ಈಗ ಬೇಕು. ಕರೆಂಟ್ ವಾಪಸ್ ಬಂದ ಮೇಲಿನ ಅಂಕಿಗಳನ್ನು ಮಾಮೂಲಿ ದಿನದ ಅದೇ ಹೊತ್ತಿನ ಅಂಕಿಗಳ ಜೊತೆ ಇಟ್ಟು ನೋಡಿ. ಅಮ್ಮನ ಪ್ರಶ್ನೆಗೆ ದೊಡ್ಡ ಉತ್ತರ ಇಲ್ಲೇ ಸಿಕ್ಕಿತು.

ಫ್ರಿಜ್ ಬೆಚ್ಚಗಾಗಿರುತ್ತದೆ, ಒಂದಷ್ಟು ಹೊತ್ತು ಬಿಡದೆ ಓಡುತ್ತದೆ. ಅದು ನಿಜವಾದ ಹೆಚ್ಚುವರಿ ಖರ್ಚಲ್ಲ, ಆಗಬೇಕಿದ್ದ ಖರ್ಚು ತಡವಾಗಿ ಆಗುತ್ತದೆ. ಇನ್ವರ್ಟರ್ ಕಥೆ ಬೇರೆ. 12 ವೋಲ್ಟಿನ 150 ಎಎಚ್ (ಆಂಪಿಯರ್-ಅವರ್) ಬ್ಯಾಟರಿಯಲ್ಲಿ ಹಿಡಿಯುವುದು 1.8 ಯೂನಿಟ್. ತುಂಬುವಾಗ ಒಂದಷ್ಟು ಶಾಖವಾಗಿ ಹೋಗುತ್ತದೆ, ತೆಗೆಯುವಾಗ ಇನ್ನೊಂದಷ್ಟು. ಹಾಗಾಗಿ ಇನ್ವರ್ಟರ್‌ನಿಂದ ಒಂದು ಯೂನಿಟ್ ಬಳಸಿದರೆ ಮೀಟರಿನಲ್ಲಿ ಒಂದೂವರೆಗೂ ಮೇಲೆ ಓಡುತ್ತದೆ. ಟಿವಿ, ಫ್ಯಾನ್, ಎಲ್ಲವನ್ನೂ ಇನ್ವರ್ಟರ್‌ಗೆ ಕೊಟ್ಟ ಮನೆಯಲ್ಲಿ ಕರೆಂಟ್ ಹೋದ ದಿನವೇ ದುಬಾರಿ ದಿನ. ಬ್ಯಾಟರಿ ಹಳೆಯದಾದಷ್ಟೂ ಈ ನಷ್ಟ ಜಾಸ್ತಿ. ಬ್ಯಾಟರಿ ತುಂಬಿದ ಮೇಲೂ ರಾತ್ರಿಯ ಅಂಕಿ ಇಳಿಯದಿದ್ದರೆ ಬ್ಯಾಟರಿಯನ್ನು ಪರೀಕ್ಷೆ ಮಾಡಿಸಿ.

ಇನ್ನೊಂದು ಖರ್ಚು ಬಟ್ಟೆ ಒಣಗಿಸುವುದರದ್ದು. ಒಣಗದ ಯೂನಿಫಾರಂ ಮೇಲೆ ಇಸ್ತ್ರಿಪೆಟ್ಟಿಗೆ ಎಳೆಯುವುದು, ರೂಮ್ ಹೀಟರ್ ಮುಂದೆ ಬಟ್ಟೆ ಹರವುವುದು ನಮ್ಮೆಲ್ಲರ ಮನೆಯಲ್ಲೂ ಇದೆ. ಒಂದು ಲೀಟರ್ ನೀರು ಆವಿಯಾಗಲು ಕಡಿಮೆ ಅಂದರೂ 0.6 ಯೂನಿಟ್ ಬೇಕು. ಹೀಟರಿನ ಶಾಖ ಪೂರ್ತಿ ಬಟ್ಟೆಗೇ ಹೋಗುವುದಿಲ್ಲ, ಹಾಗಾಗಿ ನಿಜದಲ್ಲಿ ಎರಡು ಪಟ್ಟು ಮೂರು ಪಟ್ಟು ಆಗುತ್ತದೆ. ಅಡುಗೆಮನೆ ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸುತ್ತಿದ್ದ ಅಜ್ಜಿಯ ಪದ್ಧತಿಗೆ ನಾವು ಮತ್ತೆ ಬಂದಿದ್ದೇವೆ. ಮನೆಯಲ್ಲಿ ಒಲೆ ಇಲ್ಲದವರು ಬಟ್ಟೆಯನ್ನು ವಾಷಿಂಗ್ ಮೆಷಿನ್‌ನಲ್ಲಿ ಎರಡು ಸಲ ಹಿಂಡಿಸಿ. ನೀರನ್ನು ಆವಿ ಮಾಡುವುದಕ್ಕಿಂತ ಹಿಂಡಿ ತೆಗೆಯುವುದು ತುಂಬಾ ಅಗ್ಗ.

200ರ ಗೆರೆ

ಗೃಹಜ್ಯೋತಿ ಮನೆಗಳಿಗೆ ಈ ಅಂಕಿಗಳು ಇನ್ನೂ ಮುಖ್ಯ. ನಿಮ್ಮ ಹಳೇ ಸರಾಸರಿಯ ಮೇಲೆ ನಿಗದಿ ಮಾಡಿದ ಯೂನಿಟ್‌ಗಳು ಉಚಿತ. ಅದನ್ನು ದಾಟಿ 200ರ ಒಳಗಿದ್ದರೆ ಹೆಚ್ಚಾದಷ್ಟಕ್ಕೆ ಮಾತ್ರ ದುಡ್ಡು. 200 ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ಕಟ್ಟಬೇಕು. ಅಂದರೆ 199ಕ್ಕೂ 201ಕ್ಕೂ ಬಹಳ ಅಂತರ ಇದೆ. ಬಿಲ್ ಆದ ದಿನದ ರೀಡಿಂಗ್ ಬರೆದಿಟ್ಟುಕೊಳ್ಳಿ. ಇಪ್ಪತ್ತನೇ ದಿನ ಮತ್ತೆ ನೋಡಿ. ಎರಡರ ವ್ಯತ್ಯಾಸ 133 ದಾಟಿದ್ದರೆ ಇದೇ ವೇಗದಲ್ಲಿ ತಿಂಗಳಾಗುವಷ್ಟರಲ್ಲಿ 200 ದಾಟುತ್ತೀರಿ. ಸರಿಮಾಡಲು ಇನ್ನೂ ಹತ್ತು ದಿನ ಕೈಯಲ್ಲಿರುತ್ತದೆ.

ಎಂಡಿ ಅಂತ ಇನ್ನೊಂದು ಅಂಕಿ ಕಾಣುತ್ತದೆ. ತಿಂಗಳಲ್ಲಿ ಒಮ್ಮೆಗೇ ಅತಿ ಹೆಚ್ಚು ಎಳೆದ ಲೋಡ್ ಅದು. ಗೀಸರ್, ಮೋಟರ್, ಇಂಡಕ್ಷನ್ ಒಲೆ ಒಟ್ಟಿಗೆ ಹಾಕಿದರೆ ಏರುತ್ತದೆ. ಬಿಲ್ಲಿನ ನಿಗದಿತ ಶುಲ್ಕ ನಿಮ್ಮ ಮನೆಗೆ ಮಂಜೂರಾದ ಲೋಡಿನ ಕಿಲೋವಾಟ್ ಲೆಕ್ಕದಲ್ಲಿ ಇರುವುದರಿಂದ ಎಂಡಿ ಅದನ್ನು ಮೀರದ ಹಾಗೆ ನೋಡಿಕೊಳ್ಳಿ. ಮೋಟರನ್ನು ಸ್ನಾನದ ಹೊತ್ತು ಬಿಟ್ಟು ಹಾಕಿದರೆ ಸಾಕು.

ಮನೆ ಮೇಲೆ ಸೋಲಾರ್ ಹಾಕಿಸುವ ಯೋಚನೆ ಇರುವವರು ಕಡಿಮೆ ಅಂದರೂ ಒಂದು ಮಳೆಗಾಲದ, ಒಂದು ಬೇಸಿಗೆಯ ಲೆಕ್ಕ ಕೈಯಲ್ಲಿ ಇಟ್ಟುಕೊಂಡೇ ಮಾತಾಡಿ. ಬ್ಯಾಟರಿ ಇಲ್ಲದ ಆನ್‌ಗ್ರಿಡ್ ಸೋಲಾರ್, ಅಂದರೆ ಊರಿನ ಲೈನಿಗೇ ಜೋಡಿಸಿದ ಸೋಲಾರ್, ಲೈನಿನಲ್ಲಿ ಕರೆಂಟ್ ಹೋದ ಕೂಡಲೇ ತಾನೂ ನಿಲ್ಲುತ್ತದೆ. ಲೈನ್ ರಿಪೇರಿ ಮಾಡುವವರ ಜೀವ ಉಳಿಸಲು ಇರುವ ವ್ಯವಸ್ಥೆ ಅದು. ಕರೆಂಟ್ ಹೋದಾಗ ಬೆಳಕು ಸಿಗಲಿ ಅಂತ ಅದನ್ನು ಹಾಕಿಸಿದರೆ ನಿರಾಸೆ ಖಂಡಿತ.

ಏನೇ ಬದಲಾಯಿಸಿದರೂ ಒಂದು ಸಲಕ್ಕೆ ಒಂದೇ ಬದಲಾಯಿಸಿ, ಒಂದು ವಾರ ನೋಡಿ. ವಾಷರ್, ಗೀಸರ್, ಇನ್ವರ್ಟರ್ ಮೂರನ್ನೂ ಒಂದೇ ದಿನ ಮುಟ್ಟಿದರೆ ಯಾವುದರಿಂದ ಎಷ್ಟು ಉಳಿಯಿತು ಅಂತ ತಿಳಿಯುವುದಿಲ್ಲ.

ಇಷ್ಟೆಲ್ಲ ನೋಡಿದ ಮೇಲೂ ಬಿಲ್ಲಿನ ರೀಡಿಂಗ್‌ಗೂ ಮೀಟರಿನ ರೀಡಿಂಗ್‌ಗೂ ತಾಳೆ ಆಗದಿದ್ದರೆ ಸುಮ್ನೆ ಕೂರಬೇಡಿ. ದಿನಾಂಕ ಕಾಣುವ ಹಾಗೆ ಪರದೆಯ ಫೋಟೋ ತೆಗೆಯಿರಿ. ಬಿಲ್ಲಿನ ಮೇಲಿರುವ ಆರ್‌ಆರ್ ನಂಬರ್ (ನಿಮ್ಮ ಸಂಪರ್ಕದ ಸಂಖ್ಯೆ) ಹೇಳಿ ವಿದ್ಯುತ್ ಸಹಾಯವಾಣಿ 1912ಕ್ಕೆ ದೂರು ಕೊಡಿ, ದೂರಿನ ನಂಬರ್ ಬರೆದುಕೊಳ್ಳಿ. ನಿಮ್ಮ ಉಪವಿಭಾಗದ ಕಚೇರಿಗೆ ಹೋಗುವುದಾದರೆ ಆ ನೋಟ್‌ಬುಕ್ಕನ್ನೂ ಜೊತೆಗೆ ಒಯ್ಯಿರಿ.