ಒಂದು ದಿನ ತಡವಾದ ಪತ್ರ: ಆಸ್ಪತ್ರೆಯ ಪಾರ್ಕಿಂಗ್ ಚಾರ್ಜಿಗೆ ನಾನು ಅಪೀಲು ಮಾಡಿದ್ದು

2025ರ ಸಂಕ್ರಾಂತಿ. ಅಮ್ಮ ದಾವಣಗೆರೆಯಿಂದ ಇಂಗ್ಲೆಂಡಿನ ನಮ್ಮ ಮನೆಗೆ ಬಂದಿದ್ದಳು. ಊರಿಂದ ತಂದ ಎಳ್ಳು, ಬೆಲ್ಲ, ಕೊಬ್ಬರಿ ಹೆಚ್ಚಿಟ್ಟು, ಸಂಜೆ ಪಕ್ಕದ ಬೀದಿಯ ಕನ್ನಡದವರ ಮನೆಗೆ ಎಳ್ಳು ಬೀರಲು ಹೊರಡುವುದರಲ್ಲಿದ್ದೆವು. ಐದು ವರ್ಷದ ಮಗನಿಗೆ ಎರಡು ದಿನದಿಂದ ನೆಗಡಿ ಇತ್ತು. ಸಂಜೆ ಐದರ ಹೊತ್ತಿಗೆ ಉಸಿರು ಎಳೆದಾಗಲೆಲ್ಲ ಪಕ್ಕೆ ಒಳಗೆ ಹೋಗತೊಡಗಿತು. ಕತ್ತಿನ ಕೆಳಗಿನ ಗುಳಿಯೂ ಒಳಗೆ ಸೆಳೆಯುತ್ತಿತ್ತು. ಆರೋಗ್ಯ ಸಲಹೆ ಕೊಡುವ 111 ನಂಬರಿಗೆ ಫೋನ್ ಮಾಡಿದೆವು. ತಡ ಮಾಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಅಂದರು.

ನನ್ನ ಗಂಡ ಕಾರು ಓಡಿಸಿದರು. ನಾನು ಹಿಂದೆ ಮಗನ ಪಕ್ಕ ಕೂತಿದ್ದೆ. ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ, ಮುಂದೆ ಗೊತ್ತಾಗುತ್ತದೆ. ಕಾರು ನನ್ನ ಹೆಸರಿನಲ್ಲಿದೆ. ಕಾರು ನಿಲ್ಲಿಸಿ, ಮಿಷನ್‌ನಲ್ಲಿ ನಾಲ್ಕು ಗಂಟೆಗೆ ದುಡ್ಡು ಕಟ್ಟಿ ಒಳಗೆ ಓಡಿದೆವು. ನಾಲ್ಕು ಗಂಟೆ ಧಾರಾಳವಾಯಿತು ಅಂದುಕೊಂಡೆವು.

ಒಳಗೆ ಆದದ್ದು ಇಷ್ಟು. ಸ್ಪೇಸರ್ ಎಂಬ ಕೊಳವೆ ಹಾಕಿ ಇನ್ಹೇಲರ್‌ನಿಂದ ಹತ್ತು ಪಫ್ ಕೊಟ್ಟರು. ಇಪ್ಪತ್ತು ನಿಮಿಷ ಬಿಟ್ಟು ಮತ್ತೆ ಹತ್ತು. ಮತ್ತೆ ಹತ್ತು. ಆಮೇಲೆ ಕಾಯುವುದು. ಮೂರು ಗಂಟೆ ಪಫ್ ಇಲ್ಲದೆ ತಡೆದರೆ ಮನೆಗೆ ಕಳಿಸುತ್ತೇವೆ ಅಂದರು ನರ್ಸ್. ಎರಡು ಗಂಟೆ ಚೆನ್ನಾಗಿಯೇ ಇದ್ದ. ಆಮೇಲೆ ಎದೆಯಲ್ಲಿ ಮತ್ತೆ ಸುಯ್ ಸುಯ್ ಸದ್ದು. ಮತ್ತೆ ಹತ್ತು ಪಫ್. ಅಲ್ಲಿಗೆ ಮೂರು ಗಂಟೆಯ ಲೆಕ್ಕ ಮೊದಲಿನಿಂದ ಶುರು. ಕಾರಿನ ಟಿಕೆಟ್ ಮುಗಿದದ್ದು ಇದೇ ಹೊತ್ತಿನಲ್ಲಿ. ನಮಗಿಬ್ಬರಿಗೂ ಅದರ ನೆನಪೇ ಬರಲಿಲ್ಲ. ರಾತ್ರಿ ಒಂದು ದಾಟಿದ ಮೇಲೆ ಮಗನನ್ನು ಹೊತ್ತುಕೊಂಡು ಹೊರಗೆ ಬಂದೆವು.

ಆಸ್ಪತ್ರೆಯ ಪಾರ್ಕಿಂಗ್ ನೋಡಿಕೊಳ್ಳುವ ಖಾಸಗಿ ಕಂಪನಿಯಿಂದ ಪತ್ರ ಬಂದದ್ದು ಜನವರಿ 31, ಶುಕ್ರವಾರ. ಕಾರು ಗೇಟಿನ ಒಳಗೆ ಬಂದ ಫೋಟೋ ಒಂದು, ಹೊರಗೆ ಹೋದ ಫೋಟೋ ಒಂದು. ಒಳಗೆ 18:12, ಹೊರಗೆ 01:26. ನೂರು ಪೌಂಡ್ ಕಟ್ಟಬೇಕು, ಹದಿನಾಲ್ಕು ದಿನದೊಳಗೆ ಕಟ್ಟಿದರೆ ಅರವತ್ತು. ಅಮ್ಮನಿಗೆ ಓದಿ ಹೇಳಿದೆ. "ಆಸ್ಪತ್ರೆಗೆ ಹೋದವರಿಗೂ ದಂಡ ಹಾಕ್ತಾರಾ?" ಅಂದಳು. ಗಂಡ, "ಅರವತ್ತು ಕಟ್ಟಿ ಕೈ ತೊಳ್ಕೊಳ್ಳೋಣ" ಅಂದರು. ನನಗೆ ಮನಸ್ಸು ಬರಲಿಲ್ಲ. ಮಗು ಉಸಿರಿಗೆ ಒದ್ದಾಡುತ್ತಿದ್ದ ಮೂರು ಗಂಟೆಗೆ ನೂರು ಪೌಂಡ್ ಕೇಳುವುದು ನ್ಯಾಯ ಅಂತ ನನಗೆ ಇವತ್ತಿಗೂ ಅನಿಸುವುದಿಲ್ಲ.

ವಾಟ್ಸ್ಆಪ್ ಗುಂಪಿನಲ್ಲಿ ಕೇಳಿದೆ. ಅರ್ಧ ಜನ, "ಖಾಸಗಿ ಕಂಪನಿಯ ಪತ್ರ ತಾನೇ, ಹರಿದು ಬಿಸಾಕಿ" ಅಂದರು. ಈ ಮಾತನ್ನು ದಯವಿಟ್ಟು ಕೇಳಬೇಡಿ. ಅದು ಹಳೇ ಕಾಲದ ಬುದ್ಧಿವಾದ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2012ರ ಅಕ್ಟೋಬರ್‌ನಿಂದ ಖಾಸಗಿ ಜಾಗದಲ್ಲಿ ಚಕ್ರಕ್ಕೆ ಬೀಗ ಹಾಕುವುದು ನಿಂತಿತು. ಅದೇ ಕಾನೂನು, ಅಂದರೆ ಪ್ರೊಟೆಕ್ಷನ್ ಆಫ್ ಫ್ರೀಡಮ್ಸ್ ಆಕ್ಟ್, ಓಡಿಸಿದವರು ಯಾರೆಂದು ಗೊತ್ತಿಲ್ಲದಿದ್ದರೆ ಕಾರಿನ ರಿಜಿಸ್ಟರ್ಡ್ ಕೀಪರ್, ಅಂದರೆ ಕಾರು ಯಾರ ಹೆಸರಿನಲ್ಲಿ ನೋಂದಣಿಯಾಗಿದೆಯೋ ಅವರ ಹತ್ತಿರ ಹಣ ಕೇಳುವ ಹಕ್ಕನ್ನು ಕಂಪನಿಗಳಿಗೆ ಕೊಟ್ಟಿತು. 2015ರ ನವೆಂಬರ್‌ನಲ್ಲಿ ಪಾರ್ಕಿಂಗ್‌ಐ ಕಂಪನಿ ಮತ್ತು ಬೀವಿಸ್ ಎಂಬುವವರ ನಡುವಿನ ಕೇಸಿನಲ್ಲಿ ಸುಪ್ರೀಂ ಕೋರ್ಟ್ 85 ಪೌಂಡ್ ಚಾರ್ಜನ್ನು ಎತ್ತಿಹಿಡಿಯಿತು. ಚೆಲ್ಮ್ಸ್‌ಫರ್ಡ್‌ನ ಅಂಗಡಿ ಸಂಕೀರ್ಣದಲ್ಲಿ ಎರಡು ಗಂಟೆಯ ಮಿತಿಗಿಂತ ಸುಮಾರು ಒಂದು ಗಂಟೆ ಜಾಸ್ತಿ ನಿಂತದ್ದಕ್ಕೆ ಹಾಕಿದ್ದ ಚಾರ್ಜು ಅದು. ಆಮೇಲೆ ಕಂಪನಿಗಳು ಧೈರ್ಯವಾಗಿ ಕೋರ್ಟಿಗೆ ಹೋಗುತ್ತವೆ. ಕೋರ್ಟಿನ ಪತ್ರಕ್ಕೂ ಉತ್ತರ ಕೊಡದಿದ್ದರೆ ನಮ್ಮ ಮಾತು ಕೇಳದೆಯೇ ತೀರ್ಪು ಆಗಿಬಿಡಬಹುದು. ಆ ಹಣವನ್ನು ಒಂದು ತಿಂಗಳೊಳಗೆ ಕಟ್ಟದಿದ್ದರೆ ತೀರ್ಪು ಆರು ವರ್ಷ ನಮ್ಮ ಹೆಸರಿನ ಮೇಲೆ ಕೂರುತ್ತದೆ. ಮನೆ ಸಾಲಕ್ಕೆ ಹೋದಾಗ ಅದರ ಬಿಸಿ ತಟ್ಟುತ್ತದೆ.

ಹಾಗಂತ ಅದು ಸರ್ಕಾರಿ ದಂಡವೂ ಅಲ್ಲ. ಕೌನ್ಸಿಲ್, ಅಂದರೆ ಊರಿನ ಸ್ಥಳೀಯ ಆಡಳಿತ ಕಳಿಸುವುದು ಪೆನಾಲ್ಟಿ ಚಾರ್ಜ್ ನೋಟಿಸ್. ನನಗೆ ಬಂದದ್ದು ಪಾರ್ಕಿಂಗ್ ಚಾರ್ಜ್ ನೋಟಿಸ್. ಎರಡನ್ನೂ ಪಿಸಿಎನ್ ಅಂತಲೇ ಕರೆಯುತ್ತಾರೆ, ನೋಡಲೂ ಒಂದೇ ಥರ ಇರುತ್ತವೆ. ಎರಡನೆಯದು ಬರೀ ಒಪ್ಪಂದ ಮುರಿದಿದ್ದೀರಿ ಅನ್ನುವ ಬಿಲ್ಲು. ಅದರ ಅಪೀಲಿನ ದಾರಿಯೇ ಬೇರೆ.

ಆ ಶನಿವಾರ ಅಡುಗೆಮನೆಯ ಗೋಡೆಯ ಕ್ಯಾಲೆಂಡರ್ ತೆಗೆದು ಮೇಜಿನ ಮೇಲಿಟ್ಟುಕೊಂಡೆ. ನನ್ನ ಇಡೀ ಅಪೀಲು ನಿಂತದ್ದು ಆ ಕ್ಯಾಲೆಂಡರ್ ಮೇಲೆ. 2012ರ ಕಾನೂನಿನ ಶೆಡ್ಯೂಲ್ 4, ಪ್ಯಾರಾ 9 ಏನು ಹೇಳುತ್ತದೆ ಅಂದರೆ, ಕಾರಿನ ಗಾಜಿಗೆ ಚೀಟಿ ಅಂಟಿಸದೆ ಬರೀ ಕ್ಯಾಮೆರಾ ನೋಡಿ ಪತ್ರ ಕಳಿಸುವುದಾದರೆ, ಕಾರು ನಿಂತದ್ದು ಮುಗಿದ ಮಾರನೇ ದಿನದಿಂದ ಎಣಿಸಿ ಹದಿನಾಲ್ಕು ದಿನದೊಳಗೆ ಪತ್ರ ಕೀಪರ್ ವಿಳಾಸಕ್ಕೆ ತಲುಪಬೇಕು. ಕಳಿಸಿದರೆ ಸಾಲದು, ತಲುಪಬೇಕು. ಅಂಚೆಗೆ ಹಾಕಿದ ಮೇಲೆ ಎರಡನೇ ಕೆಲಸದ ದಿನ ತಲುಪಿತು ಅಂತ ಕಾನೂನು ಭಾವಿಸುತ್ತದೆ.

ಬೆರಳಿಟ್ಟು ಎಣಿಸಿದೆ. ಹೋದದ್ದು ಜನವರಿ 14, ಆದರೆ ಗೇಟು ದಾಟಿದ್ದು ನಡುರಾತ್ರಿ ಕಳೆದ ಮೇಲೆ. ಹಾಗಾಗಿ ಮುಗಿದದ್ದು 15. ಎಣಿಕೆ 16ರಿಂದ ಶುರು, ಹದಿನಾಲ್ಕನೇ ದಿನ 29, ಬುಧವಾರ. ಪತ್ರದ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಹೊರಡಿಸಿದ ದಿನ ಇತ್ತು: 28 ಜನವರಿ. ಮಂಗಳವಾರ ಅಂಚೆಗೆ ಹಾಕಿದ್ದರೂ ಲೆಕ್ಕದ ಪ್ರಕಾರ ತಲುಪುವುದು ಗುರುವಾರ, 30ಕ್ಕೆ. ಒಂದು ದಿನ ತಡ. ನಂಬಿಕೆ ಬರದೆ ಗಂಡನನ್ನು ಕರೆದು ಅವರಿಂದಲೂ ಎಣಿಕೆ ಮಾಡಿಸಿದೆ. ಅವರಿಗೂ ಅದೇ ಬಂತು.

ಒಂದು ದಿನ ತಡವಾದರೆ ಚಾರ್ಜು ತಾನಾಗಿ ಸತ್ತುಹೋಗುವುದಿಲ್ಲ, ಇದನ್ನು ಸರಿಯಾಗಿ ತಿಳಿದುಕೊಳ್ಳಿ. ಓಡಿಸಿದವರ ಮೇಲೆ ಅದು ಹಾಗೇ ಇರುತ್ತದೆ. ಕೀಪರ್ ಮೇಲೆ ಹೊರಿಸುವ ಹಕ್ಕು ಮಾತ್ರ ಹೋಗುತ್ತದೆ. ಓಡಿಸಿದವರು ಯಾರು ಅಂತ ಕಂಪನಿಗೆ ಗೊತ್ತಿರುವುದಿಲ್ಲ. ವಾಹನ ನೋಂದಣಿ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಡಿವಿಎಲ್ಎಗೆ ಎರಡೂವರೆ ಪೌಂಡ್ ಕಟ್ಟಿ ಅವರು ಪಡೆಯುವುದು ಕೀಪರ್ ಹೆಸರು, ವಿಳಾಸ ಅಷ್ಟೇ. ಖಾಸಗಿ ಪಾರ್ಕಿಂಗ್ ಕಂಪನಿಗೆ ಓಡಿಸಿದವರ ಹೆಸರು ಹೇಳಲೇಬೇಕು ಅಂತ ಕೀಪರ್ ಮೇಲೆ ಕಾನೂನಿನ ಕಟ್ಟುಪಾಡಿಲ್ಲ. ನಾನು ಸುಳ್ಳು ಹೇಳಲಿಲ್ಲ, ಹೇಳುವ ಅಗತ್ಯವೂ ಬರಲಿಲ್ಲ. ಹೇಳಬೇಕಾಗಿಲ್ಲದ್ದನ್ನು ಹೇಳಲಿಲ್ಲ.

ಇದು ಕೇಳಲು ಸುಲಭ, ಬರೆಯುವಾಗ ಕಷ್ಟ. ನನ್ನ ಮೊದಲ ಕರಡಿನಲ್ಲಿ "ನಾವು ಕಾರು ನಿಲ್ಲಿಸಿದೆವು", "ನನ್ನ ಗಂಡ ದುಡ್ಡು ಕಟ್ಟಿದರು" ಅಂತೆಲ್ಲ ಇತ್ತು. ಕಷ್ಟ ಹೇಳಿಕೊಳ್ಳುವ ಭರದಲ್ಲಿ ಹಾಗೆ ಬಂದುಬಿಡುತ್ತದೆ. ಒಂದೊಂದೇ ಸಾಲು ಹುಡುಕಿ ತೆಗೆದೆ. ಎಲ್ಲ ಕಡೆ "ವಾಹನ ನಿಂತಿತ್ತು", "ಚಾಲಕರು" ಅಂತ ಮಾಡಿದೆ. ಕಂಪನಿಯ ಆನ್‌ಲೈನ್ ಫಾರ್ಮಿನಲ್ಲಿ ನೀವು ಚಾಲಕರಾ, ಕೀಪರಾ ಅಂತ ಕೇಳುತ್ತಾರೆ. ಅಲ್ಲಿ ಕೀಪರ್ ಅಂತ ಆರಿಸಿದೆ.

ಕಂಪನಿಗೆ ಬರೆಯುವ ಮೊದಲು ಆಸ್ಪತ್ರೆಗೆ ಬರೆದೆ. ಎನ್ಎಚ್ಎಸ್ ಅಂದರೆ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ; ಅದರ ಆಸ್ಪತ್ರೆಗಳನ್ನು ನಡೆಸುವ ಪ್ರತಿ ಟ್ರಸ್ಟಿನಲ್ಲೂ ರೋಗಿಗಳ ದೂರು, ಸಲಹೆಗೆ ಪಾಲ್ಸ್ ಎಂಬ ವಿಭಾಗ ಇರುತ್ತದೆ. ಜಾಗ ಆಸ್ಪತ್ರೆಯದು, ಕಂಪನಿ ಬರೀ ಗುತ್ತಿಗೆದಾರ. ಆಸ್ಪತ್ರೆ ರದ್ದು ಮಾಡಿ ಅಂದರೆ ಕಂಪನಿ ಸಾಮಾನ್ಯವಾಗಿ ರದ್ದು ಮಾಡುತ್ತದೆ. ಇಂಗ್ಲೆಂಡಿನ ಆರೋಗ್ಯ ಇಲಾಖೆ 2014ರಲ್ಲಿ ಆಸ್ಪತ್ರೆ ಪಾರ್ಕಿಂಗ್ ಬಗ್ಗೆ ಮಾರ್ಗಸೂಚಿ ಹೊರಡಿಸಿದೆ. ಅಂದುಕೊಂಡದ್ದಕ್ಕಿಂತ ಚಿಕಿತ್ಸೆ ತಡವಾಗಿ, ಚಾಲಕರ ಕೈಮೀರಿ ಹೊತ್ತಾದರೆ ಹೆಚ್ಚುವರಿ ಚಾರ್ಜ್ ಬಿಡಬೇಕು ಅಂತ ಅದರಲ್ಲಿದೆ. ಚಾರ್ಜ್ ಹೆಚ್ಚು ಹಾಕಿದಷ್ಟೂ ಗುತ್ತಿಗೆದಾರನಿಗೆ ಲಾಭ ಆಗುವ ಥರದ ಗುತ್ತಿಗೆ ಕೊಡಬಾರದು ಅಂತಲೂ ಇದೆ. ಅದು ಕಾನೂನಲ್ಲ, ಮಾರ್ಗಸೂಚಿ. ಆದರೆ ಆಸ್ಪತ್ರೆಯ ಮುಂದೆ ಇಡಲು ಅದಕ್ಕಿಂತ ಒಳ್ಳೆಯ ಕಾಗದ ಇನ್ನೊಂದಿಲ್ಲ. ರಾತ್ರಿ ಆಸ್ಪತ್ರೆಯಲ್ಲಿ ಉಳಿಯುವ ಮಕ್ಕಳ ಅಪ್ಪ ಅಮ್ಮನಿಗೆ ಉಚಿತ ಪಾರ್ಕಿಂಗ್ ಇದೆ, ಅದು ನಮಗೂ ಸಿಗುತ್ತದೇನೋ ಅಂತ ಮೊದಲು ಆಸೆಪಟ್ಟಿದ್ದೆ. ಅದು ವಾರ್ಡಿಗೆ ಸೇರಿಸಿಕೊಂಡ ಮಕ್ಕಳಿಗೆ. ನಮ್ಮವನನ್ನು ಸೇರಿಸಿಕೊಂಡಿರಲಿಲ್ಲ, ಬರೀ ನೋಡಿಕೊಂಡಿದ್ದರು.

ಪಾಲ್ಸ್‌ಗೆ ಕಳಿಸಿದ ಇಮೇಲ್ ಹನ್ನೆರಡು ಸಾಲಿನದು. ಮಗು ಬಂದ ಹೊತ್ತು, ಬಿಟ್ಟ ಹೊತ್ತು, ಮಾರ್ಗಸೂಚಿಯ ಆ ಒಂದು ಸಾಲು. ಜಾಸ್ತಿ ನಿಂತ ಹೊತ್ತಿನ ಮಾಮೂಲಿ ಪಾರ್ಕಿಂಗ್ ದುಡ್ಡು ಕೊಡಲು ಸಿದ್ಧ ಅಂತಲೂ ಬರೆದೆ. ನನಗೆ ಬಿಟ್ಟಿ ಪಾರ್ಕಿಂಗ್ ಬೇಕಿರಲಿಲ್ಲ. ಅದರಲ್ಲೂ ಚಾಲಕರು ಯಾರು ಅಂತ ಹೇಳಲಿಲ್ಲ, ಯಾಕೆಂದರೆ ಆ ಇಮೇಲನ್ನು ಹಾಗೇ ಕಂಪನಿಗೆ ಕಳಿಸಿಬಿಡುವ ಸಾಧ್ಯತೆ ಇರುತ್ತದೆ. ಡಿಸ್ಚಾರ್ಜ್ ಪತ್ರ ಲಗತ್ತಿಸುವಾಗ ಮಗನ ಎನ್ಎಚ್ಎಸ್ ನಂಬರ್, ಹುಟ್ಟಿದ ದಿನ, ಔಷಧಿ ಎಲ್ಲಕ್ಕೂ ಕಪ್ಪು ಬಳಿದೆ. ಮಾರ್ಕರ್ ಬಳಿದ ಕಾಗದವನ್ನು ಬೆಳಕಿಗೆ ಹಿಡಿದರೆ ಅಕ್ಷರ ಕಾಣುತ್ತಿತ್ತು. ಅದರ ಜೆರಾಕ್ಸ್ ತೆಗೆದು, ಮತ್ತೆ ಬಳಿದು, ಆಮೇಲೆ ಸ್ಕ್ಯಾನ್ ಮಾಡಿದೆ. ಮಗುವಿನ ಕಾಯಿಲೆ ಪಾರ್ಕಿಂಗ್ ಕಂಪನಿಯ ಕಡತದಲ್ಲಿ ಇರಬೇಕಾಗಿಲ್ಲ, ಅಲ್ವಾ?

ಪಾಲ್ಸ್‌ನಿಂದ ನಿಮ್ಮ ದೂರು ತಲುಪಿದೆ ಅಂತ ಉತ್ತರ ಬಂತು. ಅಷ್ಟೇ. ಕಂಪನಿಗೆ ಅಪೀಲು ಮಾಡಲು ಇರುವುದು 28 ದಿನ. ಕಾದು ಕೂರಲಿಲ್ಲ. ಫೆಬ್ರವರಿ 9ಕ್ಕೆ ಕಂಪನಿಗೂ ಕಳಿಸಿದೆ. ಅದರ ತಿರುಳು ಇದು: "ನಾನು ಈ ವಾಹನದ ರಿಜಿಸ್ಟರ್ಡ್ ಕೀಪರ್. ನಿಮ್ಮ ನೋಟಿಸ್ ಕಾನೂನು ಹೇಳಿದ ಅವಧಿಯೊಳಗೆ ತಲುಪಿಲ್ಲ. ಆದ್ದರಿಂದ ಕೀಪರ್ ಆಗಿ ನಾನು ಹೊಣೆಯಲ್ಲ. ಚಾಲಕರು ಯಾರೆಂದು ತಿಳಿಸುವುದಿಲ್ಲ. ಚಾರ್ಜ್ ರದ್ದು ಮಾಡಿ, ಇಲ್ಲವೇ ಪಾಪ್ಲಾ ಕೋಡ್ ಕಳಿಸಿ." ಕೆಳಗೆ ದಿನಾಂಕಗಳ ಲೆಕ್ಕ.

ಪಾಪ್ಲಾ ಅಂದರೆ ಬ್ರಿಟಿಷ್ ಪಾರ್ಕಿಂಗ್ ಅಸೋಸಿಯೇಷನ್‌ಗೆ ಸೇರಿದ ಕಂಪನಿಗಳ ವಿರುದ್ಧ ಎರಡನೇ ಹಂತದ ಅಪೀಲು ಕೇಳುವ ಸಂಸ್ಥೆ. ಐಪಿಸಿ ಎಂಬ ಇನ್ನೊಂದು ಸಂಘಕ್ಕೆ ಸೇರಿದ ಕಂಪನಿಯಾದರೆ ಐಎಎಸ್ ಎಂಬ ಇನ್ನೊಂದು ಅಪೀಲು ಸಂಸ್ಥೆಗೆ ಹೋಗಬೇಕು. ನಿಮ್ಮದು ಯಾವುದು ಅಂತ ಪತ್ರದಲ್ಲೇ ಇರುತ್ತದೆ, ಮೊದಲು ಅದನ್ನು ನೋಡಿ.

ಮಾರ್ಚ್ ಮೊದಲ ವಾರ ಕಂಪನಿಯ ಉತ್ತರ ಬಂತು. ತಿರಸ್ಕಾರ. ಬೋರ್ಡುಗಳು ಸ್ಪಷ್ಟವಾಗಿವೆ, ಕಟ್ಟಿದ ಹೊತ್ತಿಗಿಂತ ಜಾಸ್ತಿ ನಿಂತಿದ್ದೀರಿ ಅಂತ ಎರಡು ಪುಟ. ನಾನು ಕೊಟ್ಟ ದಿನಾಂಕದ ಲೆಕ್ಕಕ್ಕೆ ಒಂದು ಮಾತೂ ಇಲ್ಲ. ಇನ್ನೂ ಹದಿನಾಲ್ಕು ದಿನ ಅರವತ್ತಕ್ಕೇ ಬಿಡುತ್ತೇವೆ ಅಂದಿದ್ದರು. ನಿಜ ಹೇಳುತ್ತೇನೆ, ಆ ದಿನ ನನಗೂ ಕಟ್ಟಿಬಿಡೋಣ ಅನಿಸಿತು. ಪಾಪ್ಲಾಗೆ ಹೋದರೆ ರಿಯಾಯಿತಿ ಹೋಗುತ್ತದೆ, ಸೋತರೆ ಪೂರ್ತಿ ನೂರು. ಗಂಡ ಈ ಸಲ, "ಇಷ್ಟು ದೂರ ಬಂದಿದ್ದೀಯ, ನಿನ್ನ ಲೆಕ್ಕ ಸರಿಯಾಗೇ ಇದೆ" ಅಂದರು.

ಪಾಪ್ಲಾಗೆ ಹೋಗಲು ಶುಲ್ಕವಿಲ್ಲ. ಕಂಪನಿ ತಿರಸ್ಕರಿಸಿದ ದಿನದಿಂದ 28 ದಿನ ಅವಕಾಶ. ಅಲ್ಲಿ ಗೆದ್ದರೆ ಕಂಪನಿ ಒಪ್ಪಲೇಬೇಕು. ಸೋತರೆ ಆ ತೀರ್ಮಾನ ನಮ್ಮನ್ನು ಕಟ್ಟಿಹಾಕುವುದಿಲ್ಲ, ಹಣ ಬೇಕಾದರೆ ಕಂಪನಿ ಕೋರ್ಟಿಗೇ ಹೋಗಬೇಕು. ಆದರೆ ಅಲ್ಲಿ ಕಷ್ಟ ಹೇಳಿಕೊಂಡು ಪ್ರಯೋಜನವಿಲ್ಲ. ಚಾರ್ಜನ್ನು ಸರಿಯಾದ ಕ್ರಮದಲ್ಲಿ ಹಾಕಿದ್ದಾರಾ ಅಂತ ಮಾತ್ರ ಅವರು ನೋಡುತ್ತಾರೆ. ಮಗನ ಪಕ್ಕೆ, ಹತ್ತು ಹತ್ತು ಪಫ್, ನಾನು ಅತ್ತದ್ದು ಇವೆಲ್ಲ ಆಸ್ಪತ್ರೆಗೆ ಹೇಳಬೇಕಾದ ಮಾತು. ಪಾಪ್ಲಾಗೆ ಕ್ಯಾಲೆಂಡರ್ ಸಾಕು.

ಮೂರು ಅಂಶ ಬರೆದೆ. ಮೊದಲನೆಯದು ದಿನಾಂಕ, ಒಂದು ಪೂರ್ತಿ ಪುಟ, ಪ್ರತಿ ದಿನಕ್ಕೂ ಒಂದು ಸಾಲಿನ ಪಟ್ಟಿ. ಎರಡನೆಯದು ಬೋರ್ಡು. ಒಂದು ಸಂಜೆ ಆರು ಗಂಟೆಯ ಕತ್ತಲಲ್ಲಿ ಹೋಗಿ ಫೋಟೋ ತೆಗೆದುಕೊಂಡು ಬಂದಿದ್ದೆ. ಮಿಷನ್ ಪಕ್ಕದ ಬೋರ್ಡಿಗೆ ದೀಪವೇ ಇರಲಿಲ್ಲ. ನೂರು ಪೌಂಡ್ ಅನ್ನುವ ಸಾಲು ಫ್ಲ್ಯಾಶ್ ಇಲ್ಲದೆ ಫೋಟೋದಲ್ಲಿ ಕಾಣಲಿಲ್ಲ. ಮೂರನೆಯದು, ಈ ಜಾಗದಲ್ಲಿ ಚಾರ್ಜ್ ಹಾಕಲು ಆಸ್ಪತ್ರೆ ಕೊಟ್ಟ ಒಪ್ಪಂದ ತೋರಿಸಿ ಅಂತ.

ಏಪ್ರಿಲ್‌ನಲ್ಲಿ ಕಂಪನಿ ತನ್ನ ದಾಖಲೆ ಹಾಕಿತು, ಮೂವತ್ತಕ್ಕೂ ಹೆಚ್ಚು ಪುಟ. ಅದಕ್ಕೆ ಉತ್ತರ ಕೊಡಲು ನಮಗೆ ಸಿಗುವುದು ಏಳೇ ದಿನ. ಇಮೇಲಿನ ಸ್ಪ್ಯಾಮ್ ಫೋಲ್ಡರನ್ನೂ ದಿನಾ ನೋಡುತ್ತಿರಿ. ಬೋರ್ಡಿನ ಫೋಟೋ ಎಲ್ಲ ಬೇಸಿಗೆಯ ಹಗಲಿನಲ್ಲಿ ತೆಗೆದದ್ದು. ಹತ್ತೊಂಬತ್ತನೇ ಪುಟದಲ್ಲಿ ನನಗೆ ಕಳಿಸಿದ ಪತ್ರದ ನಕಲು, ಅದೇ 28 ಜನವರಿ. ಆ ಪುಟದ ಸಂಖ್ಯೆ ಕೊಟ್ಟು, ಕಂಪನಿಯ ದಾಖಲೆಯೇ ನನ್ನ ಮಾತನ್ನು ಒಪ್ಪುತ್ತದೆ ಅಂತ ಬರೆದೆ. ಬೇರೇನೂ ಸೇರಿಸಲಿಲ್ಲ.

ಮೇ ತಿಂಗಳಲ್ಲಿ ತೀರ್ಮಾನ ಬಂತು. ಅಪೀಲು ಮಂಜೂರು. ಕಾರಣ ಒಂದೇ: ನೋಟಿಸ್ ಅವಧಿಯೊಳಗೆ ತಲುಪಿಲ್ಲ, ಚಾಲಕರು ಯಾರೆಂದು ತಿಳಿದಿಲ್ಲ, ಕೀಪರ್ ಮೇಲೆ ಹೊಣೆ ಹೊರಿಸಲಾಗದು. ಬೋರ್ಡು, ಒಪ್ಪಂದ ಇವನ್ನು ನೋಡುವ ಅಗತ್ಯವಿಲ್ಲ ಅಂತ ಬಿಟ್ಟಿದ್ದರು.

ನಿಮ್ಮ ಪತ್ರ ಹದಿನಾಲ್ಕು ದಿನದೊಳಗೇ ಬಂದಿದ್ದರೆ ಈ ದಾರಿ ಇಲ್ಲ. ಆಗ ನಾನಾಗಿದ್ದರೆ ಪಾಲ್ಸ್‌ಗೆ ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದೆ, ವಾರ್ಡಿನ ಮ್ಯಾನೇಜರ್‌ಗೂ ಬರೆಯುತ್ತಿದ್ದೆ, ಬೋರ್ಡಿನ ಫೋಟೋವನ್ನು ಮುಂದಿಟ್ಟುಕೊಳ್ಳುತ್ತಿದ್ದೆ. ಕಾರಿನ ಗಾಜಿಗೇ ಚೀಟಿ ಅಂಟಿಸಿದ್ದರೆ ದಿನದ ಲೆಕ್ಕವೂ ಬೇರೆ: ಕೀಪರ್‌ಗೆ ಪತ್ರ 28 ದಿನ ಕಳೆದ ಮೇಲೆ, 56 ದಿನದೊಳಗೆ ಬರಬೇಕು. ಮನೆ ಬದಲಾಯಿಸಿದ್ದರೆ ಲಾಗ್‌ಬುಕ್‌ನಲ್ಲಿ, ಅಂದರೆ ಕಾರಿನ ನೋಂದಣಿ ಪತ್ರದಲ್ಲಿ, ವಿಳಾಸ ಬದಲಾಯಿಸಿ. ಹಳೇ ವಿಳಾಸಕ್ಕೆ ಪತ್ರ ಹೋಗಿ, ಗೊತ್ತಾಗುವ ಹೊತ್ತಿಗೆ ಕೋರ್ಟಿನ ತೀರ್ಪೇ ಬಂದಿರಬಹುದು.

ಪಾಲ್ಸ್‌ನವರು ಕೊನೆಗೆ ಫೋನ್ ಮಾಡಿದರು, ತೀರ್ಮಾನ ಬಂದು ಹತ್ತು ದಿನದ ಮೇಲೆ. ಮಾತಾಡಿದ ಹೆಂಗಸು ನಿಜವಾಗಿ ಬೇಜಾರು ಮಾಡಿಕೊಂಡರು. ಚಿಕಿತ್ಸೆ ತಡವಾದರೆ ಹೊರಡುವ ಮೊದಲು ರಿಸೆಪ್ಷನ್‌ನಲ್ಲಿ ಕಾರಿನ ನಂಬರ್ ಬರೆಸಬಹುದು ಅಂದರು. ಅದು ಅಲ್ಲಿ ಎಲ್ಲಿಯೂ ಬರೆದಿಲ್ಲವಲ್ಲ ಅಂದೆ. ಮಕ್ಕಳು ಕೂರುವ ಕೋಣೆಯಲ್ಲಿ, ತೂಕದ ಮಿಷನ್ ಮೇಲಿನ ಗೋಡೆಯಲ್ಲಿ ಒಂದು ಹಾಳೆ ಅಂಟಿಸಿ, ಎಲ್ಲ ಅಪ್ಪ ಅಮ್ಮನ ಕಣ್ಣೂ ಅಲ್ಲೇ ಇರುತ್ತದೆ ಅಂದೆ. ಬರೆದುಕೊಂಡರು. ಮುಂದಿನ ತಿಂಗಳು ಮಗನಿಗೆ ಅಲ್ಲೇ ಆಸ್ತಮಾ ಕ್ಲಿನಿಕ್ ಇದೆ. ಹೋದಾಗ ಮೊದಲು ಆ ಗೋಡೆ ನೋಡುತ್ತೇನೆ.