ಎಡ ಅಂದ್ರೆ ಬಲಕ್ಕೆ ತಿರುಗಿಸುವವರಿಗೆ ಕಾರು ಕಲಿಸುವುದು ಹೇಗೆ?

ನನ್ನ ತಂಗಿಗೆ ಕಾರು ಕಲಿಸಲು ಕೂತ ಮೂರನೇ ದಿನ. ಮುಂದೆ ರಸ್ತೆ ಎರಡಾಗಿ ಒಡೆಯುತ್ತಿತ್ತು. "ಎಡಕ್ಕೆ ತಗೋ" ಅಂದೆ. "ಸರಿ ಅಕ್ಕ" ಅಂದಳು, ಬಲಗಡೆ ಇಂಡಿಕೇಟರ್ ಹಾಕಿದಳು, ಸ್ಟೀರಿಂಗ್ ಎಡಕ್ಕೆ ಎಳೆದಳು, ಅರ್ಧದಲ್ಲಿ ಅನುಮಾನ ಬಂದು ನಡುರಸ್ತೆಯಲ್ಲೇ ನಿಲ್ಲಿಸಿಬಿಟ್ಟಳು. ಹಿಂದಿನಿಂದ ಹಾರ್ನ್ ಮೇಲೆ ಹಾರ್ನ್. ಆಗ ಅವಳ ಕೈ ನೋಡಿದೆ. ಬಲಗೈ ತೋರುಬೆರಳು ಸ್ಟೀರಿಂಗ್ ಮೇಲೆ ಸಣ್ಣದಾಗಿ ಏನೋ ಗೀಚುತ್ತಿತ್ತು. ಕಾರು ಪಕ್ಕಕ್ಕೆ ಹಾಕಿಸಿ ಕೇಳಿದ್ರೆ, "ಬರೆಯೋ ಕೈ ಯಾವುದು ಅಂತ ನೋಡ್ಕೊಳ್ತಿದ್ದೆ, ಅದು ಬಲ ತಾನೇ?" ಅಂದಳು. ಚಿಕ್ಕಂದಿನಿಂದ ಹಾಗೇ ಮಾಡುತ್ತಿದ್ದಳಂತೆ. ಮನೆಯಲ್ಲಿ ನಮಗ್ಯಾರಿಗೂ ಗೊತ್ತೇ ಇರಲಿಲ್ಲ.

ಇದು ದಡ್ಡತನ ಅಲ್ಲ, ಅಸಡ್ಡೆಯೂ ಅಲ್ಲ. ಮೇಲೆ, ಕೆಳಗೆ ಅನ್ನೋದಕ್ಕೆ ಭೂಮಿಯ ಸೆಳೆತ ಇದೆ. ಮುಂದೆ, ಹಿಂದೆ ಅನ್ನೋದಕ್ಕೆ ಮುಖ ಇದೆ, ಬೆನ್ನಿದೆ. ಆದರೆ ದೇಹದ ಎರಡು ಬದಿ ನೋಡೋಕೆ ಒಂದೇ ಥರ, ಹಾಗಾಗಿ ಯಾವುದು ಯಾವುದು ಅಂತ ಹೇಳೋಕೆ ಹೊರಗಿನ ಗುರುತು ಏನೂ ಸಿಗಲ್ಲ. 2020ರಲ್ಲಿ ನೆದರ್‌ಲ್ಯಾಂಡ್ಸ್‌ನ ಲೈಡನ್ ವಿಶ್ವವಿದ್ಯಾಲಯದವರು ಪ್ರಕಟಿಸಿದ ಅಧ್ಯಯನದಲ್ಲಿ ಸುಮಾರು 15% ಜನ ತಮಗೆ ಎಡ-ಬಲ ಸರಿಯಾಗಿ ಬರಲ್ಲ ಅಂತ ತಾವೇ ಹೇಳಿಕೊಂಡಿದ್ದರು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನ ಗೂಗು ಯಿಮಿಧಿರ್ ಅನ್ನೋ ಭಾಷೆಯವರಂತೂ ದಾರಿ ಹೇಳುವಾಗ ಎಡ-ಬಲದ ಗೊಡವೆಗೇ ಹೋಗದೆ, ಪೂರ್ವ ಪಶ್ಚಿಮ ಅಂತ ದಿಕ್ಕಿನ ಮೇಲೇ ಎಲ್ಲ ಹೇಳುತ್ತಾರೆ.

ಗಮನಿಸಬೇಕಾದ್ದು ಏನಂದ್ರೆ, ಇಂಥವರಿಗೆ ದಾರಿ ಗೊತ್ತಿರುತ್ತೆ. ಕೈ ತೋರಿಸಿ ಅಂದ್ರೆ ಸರಿಯಾಗಿ ತೋರಿಸುತ್ತಾರೆ. ಸಿಕ್ಕಿಹಾಕಿಕೊಳ್ಳೋದು ಪದ ಮಾತ್ರ. ಆದ್ದರಿಂದ ಕಾರು ಓಡುತ್ತಿರುವಾಗ ಪದ ಕಲಿಸೋಕೆ ಹೋಗಬೇಡಿ. ಕೈಕಾಲಿಗೆ ಸಿಗುವ ಗುರುತು ಕೊಡಿ.

ಮೊದಲು ಕೇಳಿ, ನಿಂತ ಕಾರಿನಲ್ಲಿ

"ಎಡ-ಬಲ ಗೊತ್ತಿಲ್ವಾ?" ಅಂತ ಕೇಳಿದರೆ ಯಾರೂ ಹೂಂ ಅನ್ನಲ್ಲ. "ಎಡ, ಬಲ ಅಂದಾಗ ಥಟ್ಟನೆ ಹೊಳೆಯುತ್ತಾ, ಸ್ವಲ್ಪ ಯೋಚಿಸಬೇಕಾಗುತ್ತಾ?" ಅಂತ ಕೇಳಿ ನೋಡಿ. ನಿಜ ಹೊರಬರುತ್ತೆ. ಹಿಂದಿನ ಸೀಟಿನಲ್ಲಿ ಬೇರೆಯವರು ಇರುವಾಗ ಮಾತ್ರ ಕೇಳಬೇಡಿ.

ಗುರುತು ದೇಹದಲ್ಲೇ ಇರಲಿ

ಎಡಗೈ ಹೆಬ್ಬೆರಳು, ತೋರುಬೆರಳು ಚಾಚಿದರೆ ಇಂಗ್ಲಿಷ್‌ನ ಎಲ್ ಅಕ್ಷರ ಕಾಣುತ್ತೆ, ಅದೇ ಲೆಫ್ಟ್ ಅಂತ ಬಹಳ ಜನ ಹೇಳಿಕೊಡುತ್ತಾರೆ. ಕಾರಿನಲ್ಲಿ ಇದು ನನಗೆ ಇಷ್ಟ ಇಲ್ಲ. ಕೈ ಸ್ಟೀರಿಂಗ್ ಬಿಡಬೇಕು, ಕಣ್ಣು ರಸ್ತೆ ಬಿಡಬೇಕು, ಮೇಲಾಗಿ ಅಕ್ಷರ ತಿರುಗಾಮುರುಗಾ ಕಾಣುವವರಿಗೆ ಎರಡು ಕೈಯಲ್ಲೂ ಎಲ್ ಕಂಡಂತೆಯೇ ಆಗುತ್ತೆ.

ಅದಕ್ಕಿಂತ ಒಳ್ಳೇದು ಕಾಲು. ಗೇರ್ ಕಾರಾದರೆ ಕ್ಲಚ್ ಯಾವಾಗಲೂ ಎಡಗಾಲಿಗೆ, ಆಕ್ಸಿಲರೇಟರ್ ಬಲಗಾಲಿಗೆ. ರಸ್ತೆಯ ಯಾವ ಬದಿಯಲ್ಲಿ ಓಡಿಸುವ ದೇಶವೇ ಆಗಲಿ, ಸ್ಟೀರಿಂಗ್ ಯಾವ ಕಡೆಯೇ ಇರಲಿ, ಪೆಡಲ್‌ಗಳ ಸಾಲು ಬದಲಾಗಲ್ಲ. ಹಾಗಾಗಿ "ಕ್ಲಚ್ ಕಡೆಗೆ ತಿರುಗಿಸು" ಅಂದ್ರೆ ಸಾಕು, ಕಾಲಿಗೇ ಗೊತ್ತಾಗುತ್ತೆ. ಆಟೊಮ್ಯಾಟಿಕ್ ಕಾರಿನಲ್ಲಿ ಸುಮ್ನೆ ಕೂತಿರುವ ಕಾಲೇ ಎಡ. ಬೈಕಿನಲ್ಲಿ ಆಕ್ಸಿಲರೇಟರ್ ತಿರುಗಿಸುವ ಕೈ ಬಲ.

ಕಣ್ಣಿಗೂ ಒಂದು ಗುರುತು ಬೇಕು ಅನಿಸಿದರೆ ಬಣ್ಣದ ಟೇಪ್ ತುಂಡು ಅಂಟಿಸಿ. ಎರಡೂ ಕಡೆ ಬೇಡ, ಎರಡಿದ್ದರೆ ಮತ್ತೆ ಯಾವುದು ಯಾವುದು ಅನ್ನೋ ಯೋಚನೆ ಶುರುವಾಗುತ್ತೆ. ಒಂದೇ ಕಡೆ ಇರಲಿ. ಸ್ಟೀರಿಂಗ್ ಮೇಲಂತೂ ಬೇಡವೇ ಬೇಡ, ಅದು ಅರ್ಧ ಸುತ್ತಿದರೆ ಟೇಪ್ ಇನ್ನೊಂದು ಬದಿಗೆ ಹೋಗಿರುತ್ತೆ. ಡ್ಯಾಶ್‌ಬೋರ್ಡ್ ಮೇಲೆ, ರಸ್ತೆ ನೋಡುತ್ತಿರುವಾಗಲೇ ಕಣ್ಣಂಚಿಗೆ ಬೀಳುವ ಜಾಗದಲ್ಲಿ ಅಂಟಿಸಿ. ತಂಗಿಗೆ ಹಳದಿ ಟೇಪ್ ಎಡಕ್ಕೆ ಹಾಕಿದ್ದೆ. "ಹಳದಿಗೆ ತಗೋ" ಅಂದ್ರೆ ಒಂದು ಕ್ಷಣವೂ ತಡ ಇಲ್ಲ.

ನಿನ್ನ ಕಡೆ, ನನ್ನ ಕಡೆ

ನನಗೆ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದದ್ದು ಇದು. ನೀವು ಪಕ್ಕದ ಸೀಟಿನಲ್ಲಿ ಕೂತಿರುತ್ತೀರಿ ಅಲ್ವಾ? "ಮುಂದಿನ ತಿರುವು ನನ್ನ ಕಡೆ", "ಈಗ ನಿನ್ನ ಕಡೆ" ಅನ್ನಿ. ಇದರಲ್ಲಿ ಯಾರಿಗೂ ಗೊಂದಲ ಆಗಲ್ಲ, ಯಾಕಂದ್ರೆ ಪಕ್ಕದಲ್ಲಿ ಜೀವಂತ ಮನುಷ್ಯ ಕೂತಿದ್ದಾನೆ, ಇನ್ನೊಂದು ಬದಿಯಲ್ಲಿ ಕಿಟಕಿ ಇದೆ.

ಇದಕ್ಕೆ ಇನ್ನೊಂದು ಲಾಭವಿದೆ. ಸಾಮಾನ್ಯವಾಗಿ ಕಾರಿನ ಸ್ಟೀರಿಂಗ್ ಇರೋದು ರಸ್ತೆಯ ನಡುವಿನ ಕಡೆಗೆ. ಅಂದ್ರೆ "ನಿನ್ನ ಕಡೆ" ತಿರುಗೋದು ಅಂದ್ರೆ ಎದುರಿಂದ ಬರುವ ಗಾಡಿಗಳ ದಾರಿ ದಾಟಿ ಹೋಗೋದು. ನಿಲ್ಲಬೇಕು, ಜಾಗ ಸಿಗೋವರೆಗೆ ಕಾಯಬೇಕು. "ನನ್ನ ಕಡೆ" ಅಂದ್ರೆ ಅಂಚು ಹಿಡಿದು ತಿರುಗೋದು, ಅಲ್ಲಿ ನಡೆದು ಹೋಗುವವರನ್ನೂ ಸೈಕಲ್‌ನವರನ್ನೂ ನೋಡಬೇಕು. ಎಡದಲ್ಲಿ ಓಡಿಸುವ ದೇಶದಲ್ಲೂ ಬಲದಲ್ಲಿ ಓಡಿಸುವ ದೇಶದಲ್ಲೂ ಇದು ಹೀಗೇ. ಎಡ, ಬಲ ಅನ್ನೋ ಪದಗಳಲ್ಲಿ ಈ ವಿಷಯವೇ ಇಲ್ಲ. ಹೊಸಬರಿಗೆ ನಿಜವಾಗಿ ಬೇಕಾದ್ದು ಯಾವ ತಿರುವಿನಲ್ಲಿ ಕಾಯಬೇಕು ಅನ್ನೋದು, ಅದು ಈ ಎರಡು ಮಾತಿನಲ್ಲೇ ಬಂದುಬಿಡುತ್ತೆ.

ಹೇಳುವುದರಲ್ಲೂ ಕ್ರಮ ಇದೆ

ಬೇಗ ಹೇಳಿ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಕಾರು ಒಂದು ಸೆಕೆಂಡಿಗೆ 11 ಮೀಟರ್ ಹೋಗುತ್ತೆ. ತಿರುವು 30 ಮೀಟರ್ ಇರುವಾಗ ಹೇಳಿದರೆ ಮೂರು ಸೆಕೆಂಡೂ ಸಿಗಲ್ಲ, ಪದ ಬಿಡಿಸಿಕೊಳ್ಳೋಕೇ ಅವರಿಗೆ ಎರಡು ಸೆಕೆಂಡು ಬೇಕು. ನೂರು ಮೀಟರ್ ಮುಂಚೆ ಹೇಳಿ. ಮೊದಲು ಜಾಗ, ಆಮೇಲೆ ಕಡೆ: "ಸಿಗ್ನಲ್ ಆದಮೇಲೆ ಮೊದಲನೇ ರಸ್ತೆ, ನನ್ನ ಕಡೆ". ಜೊತೆಗೆ ಕೈಯನ್ನೂ ತೋರಿಸಿ, ಆದರೆ ಮುಖದ ಮುಂದೆ ಬೀಸಬೇಡಿ, ಡ್ಯಾಶ್‌ಬೋರ್ಡ್ ಎತ್ತರದಲ್ಲಿ ತೋರಿಸಿದರೆ ಸಾಕು.

"ರೈಟ್" ಅನ್ನೋ ಪದದ ಬಗ್ಗೆ ತುಂಬ ಹುಷಾರು. ನಾವು ಸರಿ ಅನ್ನೋಕೂ ರೈಟ್ ಅಂತೀವಿ, ಹೋಗು ಅನ್ನೋಕೂ ರೈಟ್ ರೈಟ್ ಅಂತೀವಿ, ಬಲಕ್ಕೂ ರೈಟ್ ಅಂತೀವಿ. "ಲೆಫ್ಟಾ?" ಅಂತ ಕಲಿಯುವವರು ಕೇಳಿದಾಗ ನೀವು "ರೈಟ್" ಅಂದರೆ ಅವರು ಏನು ಮಾಡಬೇಕು? ಒಪ್ಪಿಗೆಗೆ "ಹೌದು" ಮಾತ್ರ ಬಳಸಿ. ಹಡಗಿನವರು ಇದೇ ಕಷ್ಟ ಪಟ್ಟಿದ್ದಾರೆ. ಬಲಬದಿಗೆ ಸ್ಟಾರ್‌ಬೋರ್ಡ್, ಎಡಬದಿಗೆ ಲಾರ್‌ಬೋರ್ಡ್ ಅಂತಿದ್ದರು. ಗಾಳಿಯ ಸದ್ದಿನಲ್ಲಿ ಎರಡೂ ಒಂದೇ ಥರ ಕೇಳಿಸುತ್ತಿತ್ತು. 1844ರಲ್ಲಿ ಬ್ರಿಟಿಷ್ ನೌಕಾಪಡೆ ಲಾರ್‌ಬೋರ್ಡ್ ಬಿಟ್ಟು ಪೋರ್ಟ್ ಅನ್ನಬೇಕು ಅಂತ ಆದೇಶವನ್ನೇ ಹೊರಡಿಸಿತು. ಕಾರಿನೊಳಗೆ ನೀವಿಬ್ಬರೇ ಇರುವಾಗ ನಿಮಗೆ ಹೊಂದುವ ಪದ ಇಟ್ಟುಕೊಳ್ಳೋದರಲ್ಲಿ ಯಾವ ತಪ್ಪೂ ಇಲ್ಲ.

ಇಂಡಿಕೇಟರ್

ಕಡ್ಡಿ ಮೇಲಕ್ಕೋ ಕೆಳಕ್ಕೋ ಅಂತ ಬಾಯಿಪಾಠ ಮಾಡಿಸಬೇಡಿ. ಸ್ಟೀರಿಂಗ್ ತಿರುಗುವ ಕಡೆಗೇ ಕಡ್ಡಿಯೂ ಹೋಗುತ್ತೆ. ಕಡ್ಡಿ ಎಡಗಡೆ ಇದ್ದರೆ, ಎಡಕ್ಕೆ ತಿರುಗಿಸುವಾಗ ಎಡಗೈ ಕೆಳಗೆ ಬರುತ್ತಲ್ಲ, ಕಡ್ಡಿಯೂ ಕೆಳಗೆ. ನಿಂತ ಕಾರಿನಲ್ಲಿ ಕೈಯನ್ನು ಸ್ಟೀರಿಂಗ್ ಅಂಚಿನ ಮೇಲೆ ಸುಮ್ನೆ ಜಾರಿಸಿ, ಅದೇ ಓಟದಲ್ಲಿ ಕಡ್ಡಿ ತಳ್ಳಿಸಿ. ಇಪ್ಪತ್ತು ಸಲ ಮಾಡಿಸಿ. ಆಮೇಲೆ ಡ್ಯಾಶ್‌ಬೋರ್ಡಿನಲ್ಲಿ ಮಿನುಗುವ ಬಾಣವೇ ಅವರಿಗೆ ನೆನಪು ಕೊಡುತ್ತೆ. ತಪ್ಪು ಕಡೆ ಹಾಕಿದ್ದು ಕಂಡರೆ "ಬಾಣ ನೋಡು" ಅಂತ ಅಷ್ಟೇ ಹೇಳಿ.

ತಪ್ಪು ಕಡೆ ಹೋದರೆ ಹೋಗಲಿ

ತಿರುಗಲು ಶುರು ಮಾಡಿಯಾಗಿದೆ, ರಸ್ತೆ ಖಾಲಿ ಇದೆ, ಆ ಕಡೆ ಹೋಗೋಕೆ ಅಡ್ಡಿಯೂ ಇಲ್ಲ ಅಂದ್ರೆ ಹೋಗಲು ಬಿಡಿ. "ಅಯ್ಯೋ, ಆ ಕಡೆ ಅಲ್ಲ!" ಅಂತ ಕೂಗಿದರೆ ಮಾತ್ರ ಎಡವಟ್ಟು. ಗಾಬರಿಯಲ್ಲಿ ಸ್ಟೀರಿಂಗ್ ವಾಪಸ್ ಎಳೆಯುತ್ತಾರೆ, ಹಿಂದಿನವರಿಗೆ ಏನೂ ಅರ್ಥ ಆಗಲ್ಲ. ಮುಂದೆ ಹೋಗಿ ಸುತ್ತಿ ಬಂದರಾಯಿತು, ಎರಡು ನಿಮಿಷದ ಮಾತು. ಒನ್‌ವೇ ರಸ್ತೆಗೆ ಎದುರಾಗಿ ನುಗ್ಗುತ್ತಿದ್ದರೆ ಮಾತ್ರ ದನಿ ಏರಿಸದೆ "ಬ್ರೇಕ್, ನಿಲ್ಲಿಸು" ಅನ್ನಿ. ಆ ಹೊತ್ತಿನಲ್ಲಿ ಎಡ-ಬಲದ ಮಾತೇ ಬೇಡ.

ರಿವರ್ಸ್ ಮತ್ತು ಮ್ಯಾಪ್

ರಿವರ್ಸ್‌ನಲ್ಲಿ ಕತ್ತು ಹಿಂದಕ್ಕೆ ತಿರುಗಿರುತ್ತೆ, ಇದ್ದಬದ್ದ ಗುರುತೂ ಕಲಸಿಹೋಗುತ್ತೆ. ಅಲ್ಲಿ ವಸ್ತುವಿನ ಹೆಸರು ಹೇಳಿ: "ಗೋಡೆ ಕಡೆ ತಿರುಗಿಸು", "ಮರದಿಂದ ದೂರ". ಕಾರಿನ ಹಿಂಭಾಗ ಯಾವ ಕಡೆ ಹೋಗಬೇಕೋ ಸ್ಟೀರಿಂಗ್ ಆ ಕಡೆಗೇ, ಅಷ್ಟೇ ಲೆಕ್ಕ. ಮೊಬೈಲಿನ ಮ್ಯಾಪ್‌ನಲ್ಲಿ ಉತ್ತರ ಯಾವಾಗಲೂ ಮೇಲಿರುವಂತೆ ಇಟ್ಟಿದ್ದರೆ ಮೊದಲು ಬದಲಾಯಿಸಿ. ದಕ್ಷಿಣಕ್ಕೆ ಹೋಗುವಾಗ ಬಲಗಡೆ ತಿರುವು ಪರದೆಯಲ್ಲಿ ಎಡಕ್ಕೆ ಕಾಣುತ್ತೆ, ಎಂಥವರೂ ತಬ್ಬಿಬ್ಬಾಗುತ್ತಾರೆ. ಕಾರು ಹೋಗುವ ದಿಕ್ಕು ಮೇಲಿರಲಿ.

ಕೊನೆಗೆ ಪದ

ಕೈಕಾಲು ಪಳಗಿದ ಮೇಲೆ ಪದ ಜೋಡಿಸಿ, ಯಾಕಂದ್ರೆ ಮುಂದೆ ಬೇರೆಯವರು ದಾರಿ ಹೇಳುವಾಗ ಎಡ, ಬಲ ಅಂತಲೇ ಹೇಳುತ್ತಾರೆ. ತಿರುಗಿ ಮುಗಿದ ಮೇಲೆ ಅವರ ಬಾಯಲ್ಲೇ ಹೇಳಿಸಿ: "ಈಗ ತಿರುಗಿದ್ದು ಎಡಕ್ಕೆ". ನಡೆದು ಹೋಗುವಾಗ, ಬೇರೆಯವರ ಕಾರಿನಲ್ಲಿ ಕೂತಿರುವಾಗಲೂ ಮಾಡಬಹುದು. ಮೊದಲು ಕೈ ಚಾಚಬೇಕು, ಆಮೇಲೆ ಪದ.

ಲೈಸೆನ್ಸ್ ಟೆಸ್ಟ್‌ಗೆ ಹೋದಾಗ ಪರೀಕ್ಷೆ ಮಾಡುವವರಿಗೆ ಮೊದಲೇ ಹೇಳಿಬಿಡಿ, ಕೈ ತೋರಿಸಿ ಹೇಳಿ ಅಂತ ಕೇಳಿಕೊಳ್ಳಿ. ಬ್ರಿಟನ್‌ನ ಟೆಸ್ಟ್‌ನಲ್ಲಿ ದಾರಿ ತಪ್ಪಿ ಬೇರೆ ಕಡೆ ತಿರುಗಿದರೂ, ಸುರಕ್ಷಿತವಾಗಿ ತಿರುಗಿದ್ದರೆ ಅದನ್ನು ತಪ್ಪು ಅಂತ ಎಣಿಸಲ್ಲ. ತಂಗಿ ತನ್ನ ಟೆಸ್ಟ್ ದಿನ ಕಾರು ಹತ್ತುವ ಮೊದಲೇ ಹೇಳಿದ್ದಳು. ಅವರು "ಆಯ್ತಮ್ಮ" ಅಂದು ಪ್ರತಿ ತಿರುವಿಗೂ ಕೈ ತೋರಿಸಿದರಂತೆ.