ಹೊರಗ ಇಂಗ್ಲಿಷ್ ಬೋರ್ಡು, ಒಳಗ ಕನ್ನಡ: ನನ್ನ ಸಾಲಿ ನಿಂತಿದ್ದು ಹಿಂಗ

ಬೀದರ ಜಿಲ್ಲಾ ಭಾಲ್ಕಿ ತಾಲೂಕಿನ್ಯಾಗ ಕನ್ನಡ ಮೀಡಿಯಂ ಪ್ರೈವೇಟ್ ಸಾಲಿ ತೆಗಿತೀನಿ ಅಂದಾಗ ಮೊದಲ ನಕ್ಕಿದ್ದು ನಮ್ಮ ಮಾವ. "ಕನ್ನಡ ಬೇಕಂದ್ರ ಸರ್ಕಾರಿ ಸಾಲಿ ಅದ, ಊಟಾನೂ ಹಾಕ್ತಾರ, ನಿನಗ ಯಾರ್ ರೊಕ್ಕ ಕೊಡ್ತಾರಪಾ?" ಅಂದ್ರು. ಮಾತು ಸುಳ್ಳೇನಿರಲಿಲ್ಲ. 2010ರಾಗ 23 ಮಕ್ಕಳು ಬಂದ್ರು, ಮೂರನೇ ವರ್ಷಕ್ಕ 17 ಉಳದ್ರು. ಈಗ 210ರ ಆಸುಪಾಸು ಅವ, ಸಾಲಾನೂ ತೀರ್ಯಾದ, ಆ ಧೈರ್ಯದ ಮ್ಯಾಲೆ ಬರಿಲಾಕತ್ತೀನಿ. ಪರ್ಮಿಷನ್, ಬಿಇಒ (ತಾಲೂಕಿನ ಶಿಕ್ಷಣಾಧಿಕಾರಿ) ಆಫೀಸು, ಡೈಸ್ ಕೋಡು (ಸರ್ಕಾರ ಸಾಲಿಗೆ ಕೊಡೋ ನಂಬರು) ಇವೆಲ್ಲಾ ಸಾಲಿ ನಡಸೋರಿಗೆ ಗೊತ್ತೇ ಅದ, ಆ ಕಥಿ ಬ್ಯಾಡ.

ಹೊರಗ ಒಂದು ಭಾಷಾ, ಒಳಗ ಒಂದು ಅನ್ನೋ ಬೋರ್ಡಿನ ಐಡಿಯಾ ನಂದಲ್ರಿ, ಭಾಲ್ಕಿ ಮಠದ ಸ್ವಾಮಿಗಳು ಚನ್ನಬಸವ ಪಟ್ಟದ್ದೇವರದು. ನಿಜಾಮರ ಕಾಲದಾಗ ಉರ್ದುಂದೇ ದರ್ಬಾರು, ಕನ್ನಡ ಕಲಿಸ್ತೀನಿ ಅಂದ್ರ ನಡೀತಿರಲಿಲ್ಲ, ಅದಕ್ಕ ಅಪ್ಪಾವ್ರು ಹೊರಗ ಉರ್ದು ಬೋರ್ಡ್ ಹಾಕಿ ಒಳಗ ಕನ್ನಡ ಕಲಿಸಿದ್ರು. ಕಮಲನಗರದಾಗ ಹುಟ್ಟಿ, ನೂರು ದಾಟಿ ಬಾಳಿ, 1999ರಾಗ ಲಿಂಗೈಕ್ಯ ಆದ್ರು. ನಮ್ಮ ಅಜ್ಜ ಈ ಬೋರ್ಡಿನ ಕಥಿ ಹೇಳಿ ಹೇಳಿ ನಗತಿದ್ದ. ನಾನು ವಿಚಾರ ಮಾಡಿದೆ, ಆವಾಗ ಅಂಜಿಕಿ ನಿಜಾಮರ ಸರ್ಕಾರದ್ದು, ಈಗ ಅಂಜಿಕಿ ಪಾಲಕರದ್ದು, ಅಷ್ಟೇ ಫರಕು. ಇಂಗ್ಲಿಷ್ ಅಕ್ಷರದಾಗ ದೊಡ್ಡದಾಗಿ ಪಬ್ಲಿಕ್ ಸ್ಕೂಲ್ ಅಂತ ಬರಸಿದೆ, ಕೆಳಗ ಸಣ್ಣಕ್ಕ ಕನ್ನಡ ಮಾಧ್ಯಮ ಅಂತ ಹಾಕಿದೆ. ಪರ್ಮಿಷನ್ ಕನ್ನಡದ್ದೇ, ಅಡ್ಮಿಷನ್ ಟೈಮಿನ್ಯಾಗ ಬಾಯಿ ಬಿಟ್ಟು ಹೇಳ್ತೀನಿ, ಮೋಸ ಇಲ್ಲ. ಆದ್ರ ಮಂದಿ ಗೇಟಿನೊಳಗ ಬರಬೇಕಲ್ಲ!

ನಾಲ್ಕನೇ ವರ್ಷ ನಾನೂ ಸೋತು ಎಲ್‌ಕೆಜಿ ಇಂಗ್ಲಿಷಿನ್ಯಾಗ ಮಾಡಿ ನೋಡೀನಿ. ಬೀದರದಿಂದ ಮೇಡಂ ಬರ್ತಿದ್ರು, ಪಗಾರ 12 ಸಾವಿರ, ಮ್ಯಾಲೆ ಒಂದು ಹಳೇ ಕ್ರೂಸರ್ ಗಾಡಿ ಹಪ್ತಾದ ಮ್ಯಾಲೆ ತಗೊಂಡಿದ್ದೆ. ಮಕ್ಕಳು ಪ್ರಾರ್ಥನಾದಾಗ ಇಂಗ್ಲಿಷ್ ಪದ್ಯ ಕುಣದು ಹೇಳ್ತಿದ್ವು, ಪುಸ್ತಕ ತಿರುವಿ ಕೊಟ್ರ ಒಂದಕ್ಷರ ಬರ್ತಿರಲಿಲ್ಲ. ಎರಡು ವರ್ಷಕ್ಕ ಬಂದ್ ಮಾಡಿದೆ, ಗಾಡಿ ಫೈನಾನ್ಸ್‌ನೋರು ಒಯ್ದ್ರು, ಎಲ್ಲಾ ಸೇರಿ ₹1.8, 1.9 ಲಕ್ಷ ಲುಕ್ಸಾನು ಆಗಿರಬೇಕು.

ಈಗ ಫೀಸಿನ ಮಾತು. ಎಲ್ಲರಂಗ ನಾನೂ ಜೂನಿನ್ಯಾಗ ಅರ್ಧಾ ಫೀಸು ಕೇಳ್ತಿದ್ದೆ. ಜೂನಿನ್ಯಾಗ ರೈತನ ಕಡಿ ಏನಿರ್ತದ್ರಿ? ಬೀಜ, ಗೊಬ್ಬರಕ್ಕ ಅವನೇ ಅಡತಿ (ದಲ್ಲಾಳಿ) ಅಂಗಡ್ಯಾಗ ಉದ್ರಿ ಬರಸಿರ್ತಾನ. ನಾವು ಆಗ ಕೇಳಿ, ಇಲ್ಲ ಅನ್ನಿಸ್ಕೊಂಡು, ಆಮ್ಯಾಲೆ ಹುಡುಗನ್ನ ಹೊರಗ ನಿಂದ್ರಸೋದು. ಅವಮಾನ ಆದಮ್ಯಾಲೆ ಆ ಮನಿ ಮತ್ತ ಬರಂಗಿಲ್ಲ, ವಸೂಲಿ ಅರ್ಧಕ್ಕಿಂತ ಜರಾ ಹೆಚ್ಚು, ಅಷ್ಟೇ. ಅದಕ್ಕ ಜೂನಿಗೆ ₹300 ಅಷ್ಟೇ ಇಟ್ಟೆ, ಸೋಯಾ ರಾಶಿ ಆದಮ್ಯಾಲೆ ದೀಪಾವಳಿ ಹೊತ್ತಿಗೆ ಅರ್ಧಾ, ತೊಗರಿ ಮಾರಿದ ಮ್ಯಾಲೆ ಉಳದಿದ್ದು. ಕೂಲಿ ಮಂದಿಗೆ ಸಂತಿ ದಿನ ವಾರಕ್ಕ ನೂರು. ಬ್ಯಾರೆ ಸಾಲಿ ನಡಸೋ ಗೆಳೆಯರು "ರಾಶಿ ಆದಮ್ಯಾಲೆ ಕೈಯಾಗ ರೊಕ್ಕ ಬಂದವ ನಿನ್ನ ಮಾರಿ ನೋಡ್ತಾನೇನು?" ಅಂದ್ರು. ನೋಡ್ಯಾರ, ನೂರಕ್ಕ ತೊಂಬತ್ತು ಮಂದಿ ಕೊಟ್ಟಾರ. ರಾಶಿ ಯಾವ ದಿನ ಯಾರದು ಆಗ್ತದ ಅಂತ ನನಗ ಹೆಂಗ ಗೊತ್ತಾಗ್ತದ, ಅದೊಂದು ಮಾತ್ರ ಹೇಳಂಗಿಲ್ಲ, ನೀವೂ ಪಕ್ಕದೂರಾಗೇ ಸಾಲಿ ನಡಸೋರು!

ಕಬ್ಬಿನವರ ಲೆಕ್ಕ ಇದಕ್ಕ ಹೊಂದಂಗಿಲ್ಲ. ಫ್ಯಾಕ್ಟರಿ ಬಿಲ್ಲು ಯಾವಾಗ ಬರ್ತದೋ ಅವರಿಗೇ ಗೊತ್ತಿಲ್ಲ, ಅದು ಇನ್ನೂ ಬಗೆಹರದಿಲ್ಲ.

ನಡುವ ಒಂದು ಹುಚ್ಚು ಕೆಲಸಾನೂ ಮಾಡೀನಿ. ರೊಕ್ಕದ ಬದಲಿ ತೊಗರಿನೇ ತಗೊಳ್ಳೋಣಂತ 2025ರ ಜನವರಿಯಾಗ ಕ್ವಿಂಟಲ್‌ಗೆ 8 ಸಾವಿರ ಲೆಕ್ಕ ಹಿಡದು ಏಳೆಂಟು ಚೀಲ ಜಮಾ ಮಾಡಿದೆ. ಹಿಂದಿನ ವರ್ಷ ರೇಟ್ 10 ಸಾವಿರ ದಾಟಿತ್ತಲ್ಲ, ಅದೇ ಆಸೆ. ಸರ್ಕಾರದ ಬೆಂಬಲ ಬೆಲೆ 7,550 ಇತ್ತು, ಮಾರ್ಕೆಟ್ ಅದಕ್ಕೂ ಕೆಳಗ ಇಳೀತು. ಚೀಲ ಮೂರನೇತ್ತಾ ಕ್ಲಾಸಿನ ರೂಮಿನ್ಯಾಗ, ಮಕ್ಕಳು ವರಾಂಡಾದಾಗ, ಏಪ್ರಿಲ್‌ಗೆ ಹುಳಾ ಬಿದ್ದಾವ. ಕಡಿಗೆ ಸಿಕ್ಕ ರೇಟಿಗೆ ಕೊಟ್ಟೆ. ಹೆಂಡ್ತಿ ಇನ್ನೂ ನನಗ ತೊಗರಿ ಮಾಸ್ತರ್ ಅಂತಾಳ.

ಓದಸೋದರಾಗ ನಮ್ಮ ಕಡಿ ತೊಡಕು ಒತ್ತಕ್ಷರದ್ದು. ಅರ್ಧಕ್ಕರ್ಧ ಮನ್ಯಾಗ ಮರಾಠಿ, ಅಣ್ಣ ಅಕ್ಕ ಮರಾಠಿ ಸಾಲಿಗೆ ಹೋಗಿರ್ತಾರ. ಅಲ್ಲಿ ಜೋಡಾಕ್ಷರ ಬಹಳಷ್ಟು ಬಾಜೂಕ ಬಾಜೂಕ ಬರ್ತಾವ, ನಮ್ಮದು ಕೆಳಗ ಇಳೀತದ, ಹುಡುಗ ಕೆಳಗಿಂದು ನೋಡೂದೇ ಇಲ್ಲ. ಎರಡು ವರ್ಷ ಕಾಪಿ ಬರಸಿ ಬರಸಿ ಬ್ಯಾಸತ್ತು, ಒಂದು ದಿನ ಸ್ಟ್ಯಾಂಡಿಗೆ ಕರಕೊಂಡು ಹೋಗಿ ಬಸ್ಸಿನ ಬೋರ್ಡ್ ಓದಸಿದೆ. ಭಾಲ್ಕಿ, ಚಿಟಗುಪ್ಪ, ಬಸವಕಲ್ಯಾಣ. ತನ್ನ ಮಾವನ ಊರಿನ ಹೆಸರಿನ್ಯಾಗ ಒತ್ತಕ್ಷರ ಎಲ್ಲಿ ಕುಂತದ ಅಂತ ಹುಡುಗ ತಾನೇ ಹುಡುಕ್ತಾನ. ಈಗ ಎರಡನೇತ್ತಾದಾಗ ಮೊದಲ ಮೂರು ತಿಂಗಳು ಊರ ಹೆಸರೇ ಪಾಠ. ಅಂಗಡಿ ಬೋರ್ಡೂ ಓದಸಿ ನೋಡಿದೆ, ಕೆಟ್ಟಿತ್ರಿ, ಪೇಂಟರ್‌ಗಳಿಗೇ ಒತ್ತು ಬರಂಗಿಲ್ಲ. ಓದು ಕೂತಮ್ಯಾಲೆ ಮೂರನೇತ್ತಾದಿಂದ ಇಂಗ್ಲಿಷ್ ಜೋರು ಮಾಡ್ತೀನಿ, ಆವಾಗ ಹುಡುಗ ಸ್ಪೆಲ್ಲಿಂಗಿಗೆ ಅಂಜಂಗಿಲ್ಲ.

ನಂದು ಏಳನೇತ್ತಾ ತನಕ ಅಷ್ಟೇ. 2025ರಾಗ ಪಕ್ಕದ ಕಲಬುರಗಿ ಜಿಲ್ಲಾ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯಾಗ 42.43 ಪರ್ಸೆಂಟ್ ಬಂದು ರಾಜ್ಯಕ್ಕ ಕೊನೇಕ ಇತ್ತು, ನಮ್ಮ ಜಿಲ್ಲಾದವರೂ ಎದಿ ಉಬ್ಬಸೋ ಹಂಗೇನಿಲ್ಲ. ನನ್ನ ಕಡಿ ಓದಿ ಹೈಸ್ಕೂಲಿಗೆ ಹೋಗಿ ಆ ವರ್ಷ ಎಸ್ಸೆಸ್ಸೆಲ್ಸಿ ಬರದ 19 ಮಂದ್ಯಾಗ 16 ಪಾಸ್, ಫೇಲಾದ ಮೂವರೊಳಗ ಇಬ್ರು ಗಣಿತದಾಗ. ಸುದ್ದಿ ಕೇಳಿ ಮಾವ ಪೇಢಾ ತಂದಿದ್ರು, ನಕ್ಕಿದ್ದು ಮಾತ್ರ ಮರತಾರಂತ.

ಬೋರ್ಡ್ ಬಣ್ಣ ಹೋಗ್ಯಾದ. ಈ ಸಲ ಎರಡೂ ಭಾಷಾ ಒಂದೇ ಸೈಜಿಗೆ ಬರಸಬೇಕಂತ ಮಾಡೀನಿ, ಪೇಂಟರ್ ₹800 ಜಾಸ್ತಿ ಕೇಳ್ತಾನ. ತೊಗರಿ ರಾಶಿ ಆಗಲಿ, ಆಮ್ಯಾಲೆ ಕೊಡ್ತೀನಿ ಅಂದೀನಿ.